ಅಂಗಳದ ಇಂಟರ್‌ಲಾಕ್‌ಗೆ ಮಿಂಚುವ ಕೋಟಿಂಗೋ, ಒಳಗಿಳಿಯುವ ಸೀಲರೋ: ಮೂರು ಮಳೆಗಾಲ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಅಂಗಳಕ್ಕೆ ಇಂಟರ್‌ಲಾಕ್ (ಒಂದಕ್ಕೊಂದು ಜೋಡಿಸಿ ಹಾಸುವ ಸಿಮೆಂಟಿನ ಕಲ್ಲು) ಹಾಕಿಸಿ ಅದಕ್ಕೆ ಸೀಲರ್, ಎಂದರೆ ನೀರು ಹೀರದಂತೆ ತಡೆಯುವ ದ್ರವ, ಹೊಡೆಸುವ ಯೋಚನೆ ಇದ್ದರೆ, ಕಲ್ಲಿನ ಒಳಗೆ ಇಳಿಯುವ ಬಗೆಯದ್ದನ್ನೇ ತೆಗೆದುಕೊಳ್ಳಿ. ಕ್ಯಾನಿನ ಮೇಲೆ ಸಿಲೇನ್-ಸಿಲೋಕ್ಸೇನ್ ಎಂದು ಬರೆದಿರುತ್ತದೆ. ಸದಾ ನೆನೆದಂತೆ ಕಾಣುವ ಮಿಂಚಿನ ಅಕ್ರಿಲಿಕ್ ಕೋಟಿಂಗ್‌ಗೆ ನಾನು 39,200 ರೂಪಾಯಿ ಕೊಟ್ಟಿದ್ದೇನೆ. ಒಂದೂಮುಕ್ಕಾಲು ವರ್ಷದೊಳಗೆ ಅದನ್ನು ತೆಗೆಸುವುದಕ್ಕೆ ಮತ್ತೆ 24,000 ಕೊಟ್ಟಿದ್ದೇನೆ. ಇದೇ ತೀರ್ಮಾನದ ಎದುರು ನಿಂತವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಪುತ್ತೂರು ತಾಲೂಕು, ಅಡಿಕೆ ತೋಟದ ಮನೆ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರು. 2021ರ ಡಿಸೆಂಬರಿನಲ್ಲಿ 2,200 ಚದರಡಿ ಅಂಗಳಕ್ಕೆ 60 ಮಿ.ಮೀ. ದಪ್ಪದ ಇಂಟರ್‌ಲಾಕ್ ಹಾಕಿಸಿದೆವು. ಮುಂದಿನ 1,400 ಚದರಡಿಗೆ 2022ರ ಮೇಯಲ್ಲಿ ಮಂಗಳೂರಿನ ತಂಡವೊಂದರಿಂದ ಅಕ್ರಿಲಿಕ್ ಹೊಡೆಸಿದೆ. ಅಡುಗೆಮನೆ ಬಾಗಿಲಿನಿಂದ ಬಾವಿಕಟ್ಟೆಯವರೆಗಿನ 500 ಚದರಡಿಗೆ 2023ರ ಫೆಬ್ರವರಿಯಲ್ಲಿ ನಾನೇ ಸಿಲೇನ್-ಸಿಲೋಕ್ಸೇನ್ ಹೊಡೆದೆ. ದನದ ಹಟ್ಟಿಯ ಬದಿಯ 300 ಚದರಡಿಗೆ ಏನೂ ಇಲ್ಲ, ವರ್ಷಕ್ಕೆರಡು ಸಲ ಬ್ಲೀಚಿಂಗ್ ಪೌಡರ್ ಅಷ್ಟೆ. ಮೂರೂ ಒಂದೇ ಲೋಡಿನ ಕಲ್ಲು, ಮೇಲೆ ಬೀಳುವುದೂ ಒಂದೇ ಮಳೆ.

ಅಕ್ರಿಲಿಕ್ ಮೊದಲ ವಾರ ಎಷ್ಟು ಚೆಂದ ಕಂಡಿತು ಎಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕೆಂಪು ಕಲ್ಲು ಕುಂಕುಮದ ಹಾಗೆ, ಬೂದು ಕಲ್ಲು ಆಗಷ್ಟೇ ನೀರು ಹಾಕಿದ ಹಾಗೆ. ಬಣ್ಣದ ಮಟ್ಟಿಗೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯೊಳಗೆ ಕೆಲಸ ಮುಗಿಯಬೇಕೆಂದು ನಾನೇ ಅವಸರ ಮಾಡಿದ್ದೆ. ತಂಡ ಬರುವ ಎರಡು ದಿನ ಮೊದಲು ರಾತ್ರಿ ಗುಡುಗು ಸಹಿತ ಒಂದು ಒಳ್ಳೆಯ ಮಳೆ ಬಂದಿತ್ತು. ಮೇಲೆಲ್ಲ ಒಣಗಿ ಖಡಕ್ಕಾಗಿತ್ತು. "ಮೇಲೆ ಡ್ರೈ ಇದೆಯಲ್ಲ ಸಾರ್, ಸಾಕು" ಎಂದರು, ಹೊಡೆದರು.

ಜೂನ್ ಎರಡನೇ ವಾರ ಅಂಗಳ ಬಿಳಿಚಿಕೊಳ್ಳಲು ಶುರುವಾಯಿತು. ಮೊದಲು ತುಳಸಿಕಟ್ಟೆಯ ಸುತ್ತ, ಮತ್ತೆ ಮಾಡಿನ ನೀರು ಬೀಳುವ ಸಾಲಿನುದ್ದಕ್ಕೆ, ಕೊನೆಗೆ ಮಳೆ ಬೀಳುವ ಎಲ್ಲ ಕಡೆ. ಹಾಲಿಗೆ ನೀರು ಬೆರೆಸಿ ತೆಳುವಾಗಿ ಚೆಲ್ಲಿದಂತೆ ಒಂದು ಮಬ್ಬು. ಬೆರಳಿನಿಂದ ಉಜ್ಜಿದರೆ ಹೋಗುವುದಿಲ್ಲ, ಯಾಕೆಂದರೆ ಅದು ಕೋಟಿಂಗಿನ ಮೇಲಲ್ಲ, ಅಡಿಯಲ್ಲಿತ್ತು. ಕುಕ್ಕರಗಾಲಲ್ಲಿ ಕೂತು ಕಣ್ಣು ಹತ್ತಿರ ತಂದು ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಕಾಣುತ್ತಿದ್ದವು.

ಕಾರಣ ಅರ್ಥವಾಗಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಇಂಟರ್‌ಲಾಕ್ ಎಂದರೆ ಸಿಮೆಂಟ್ ಹಾಕಿ ಮುಚ್ಚಿದ ನೆಲವಲ್ಲ. ಕಲ್ಲಿನ ಸಂದಿಯಿಂದ ನೀರು ಕೆಳಗಿನ ಜಲ್ಲಿಪುಡಿಗೆ ಇಳಿಯುತ್ತದೆ, ಅಲ್ಲಿಂದ ಮಣ್ಣಿಗೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಜಲ್ಲಿಪುಡಿ ಒಣಗುವುದೇ ಇಲ್ಲ. ನಡುವೆ ಒಂದು ಹೊತ್ತು ಬಿಸಿಲು ಬಂದರೆ ಕೆಳಗಿನ ತೇವ ಆವಿಯಾಗಿ ಕಲ್ಲಿನ ಮೂಲಕ ಮೇಲಕ್ಕೆ ಬರುತ್ತದೆ. ಅಕ್ರಿಲಿಕ್ ಮೇಲ್ಗಡೆ ಒಂದು ಪೊರೆ ಕಟ್ಟಿ ಕೂತಿರುತ್ತದೆ. ಆವಿಗೆ ದಾರಿ ಇಲ್ಲ, ಪೊರೆಯನ್ನೇ ಎಬ್ಬಿಸುತ್ತದೆ. ಆ ಗುಳ್ಳೆಗಳಲ್ಲಿ ಬೆಳಕು ಚದುರಿ ನಮಗೆ ಬಿಳಿಯಾಗಿ ಕಾಣುತ್ತದೆ. ಅದರ ಜೊತೆಗೆ ಸುಣ್ಣದ ಕಲೆ ಬೇರೆ. ಸಿಮೆಂಟಿನಲ್ಲಿ ಉಳಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗಿ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಪುಡಿಯಾಗುತ್ತದೆ. ಹೊಸ ಕಲ್ಲಿನಲ್ಲಿ ಇದು ಮಾಮೂಲು. ಏನೂ ಹೊಡೆಯದ ಹಟ್ಟಿ ಬದಿಯಲ್ಲೂ ಬಂದಿತ್ತು, ಎರಡು ಮಳೆಗಾಲದಲ್ಲಿ ತಾನಾಗಿ ತೊಳೆದುಹೋಯಿತು. ಮುಂದಿನ ಅಂಗಳದಲ್ಲಿ ಅದು ಪೊರೆಯ ಅಡಿಯಲ್ಲಿ ಸಿಕ್ಕಿಬಿದ್ದಿತು, ಗುಡಿಸಲೂ ಆಗದು, ತೊಳೆಯಲೂ ಆಗದು.

ತಂಡದವರಿಗೆ ಫೋನ್ ಮಾಡಿದೆ. ಅಕ್ಟೋಬರಿನಲ್ಲಿ ಬಂದು ಝೈಲೀನ್ (ಪೈಂಟು ಕರಗಿಸುವ ದ್ರವ) ಹಾಕಿ ರೋಲರ್ ಎಳೆದರು. ಝೈಲೀನ್ ತಾಗಿದ ಕೂಡಲೇ ಪೊರೆ ಕರಗಿ, ಒಳಗಿನ ತೇವ ಹೊರಗೆ ಹೋಗಿ, ಮಬ್ಬು ಕಣ್ಣೆದುರೇ ಮಾಯವಾಯಿತು. ಮನೆ ತುಂಬ ಎರಡು ದಿನ ಪೈಂಟಿನ ವಾಸನೆ, ಅಪ್ಪನಿಗೆ ತಲೆನೋವು. ಅದನ್ನಾದರೂ ಸಹಿಸಬಹುದಿತ್ತು. 2023ರ ಜೂನ್ ಕೊನೆಗೆ ಮಬ್ಬು ಮತ್ತೆ ಬಂತು, ಈ ಸಲ ಕೆಲವು ಕಡೆ ಪೊರೆ ಎದ್ದು ಹಪ್ಪಳದ ಚೂರಿನ ಹಾಗೆ ಉದುರತೊಡಗಿತು. ಎದ್ದಲ್ಲಿ ಕಲ್ಲು ಮಂಕು, ಉಳಿದಲ್ಲಿ ಮಿಂಚು. ಹುಳುಕಡ್ಡಿ ಹಿಡಿದ ಚರ್ಮದ ಹಾಗಾಯಿತು ಅಂಗಳ. ತಪ್ಪು ಪೂರ್ತಿ ಅವರದ್ದೆಂದು ನಾನು ಹೇಳುವುದಿಲ್ಲ, ಮಳೆ ಬಂದ ಎರಡೇ ದಿನಕ್ಕೆ ಹೊಡೆಸಿದವನು ನಾನು. ಆದರೆ ಚೆನ್ನಾಗಿ ಒಣಗಿದ ಮೇಲೆ ಹೊಡೆಸಿದ್ದರೂ ಮುಂದಿನ ಜೂನ್‌ನಲ್ಲಿ ನೆಲದಡಿ ನೀರು ಬಂದೇ ಬರುತ್ತದಲ್ಲ. ಝೈಲೀನ್ ಹಾಕಿದ್ದು ಅಕ್ಟೋಬರಿನಲ್ಲಿ, ಆಮೇಲೆ ಏಳೆಂಟು ತಿಂಗಳು ಅಂಗಳ ಸರಿಯಾಗಿಯೇ ಇತ್ತು, ಆದರೂ ಮಬ್ಬು ತಿರುಗಿ ಬಂತು.

ಇದಕ್ಕಿಂತ ದೊಡ್ಡ ತೊಂದರೆ ಜಾರುವುದು. ಪೊರೆ ಕಟ್ಟಿದ ಕಲ್ಲಿನ ಮೇಲೆ ಮಳೆನೀರು ಮತ್ತು ತೆಳು ಪಾಚಿ ಸೇರಿದರೆ ಸಾಬೂನಿನ ಮೇಲೆ ಕಾಲಿಟ್ಟಂತೆ. ಅಪ್ಪನಿಗೆ 78, ಬೆಳಿಗ್ಗೆ ಬರಿಗಾಲಲ್ಲಿ ಹೂ ಕೊಯ್ಯಲು ಹೋಗುವ ಅಭ್ಯಾಸ. 2023ರ ಜುಲೈಯಲ್ಲಿ ಒಂದು ದಿನ ಅಂಗಳದ ಮಧ್ಯ ನಿಂತು, "ಇದರಲ್ಲಿ ಕಾಲು ಇಡುವುದು ಹೇಗೆ ಮಾರಾಯಾ?" ಎಂದರು. ಮರುದಿನ ನಮ್ಮ ಅಜ್ಜನ ಕಾಲದ ಕ್ರಮದಂತೆ ಅಡಿಕೆ ಮರದ ಸಲಾಕೆಗಳನ್ನು ಸಾಲಾಗಿ ಹಾಸಿ ದಾರಿ ಮಾಡಿಕೊಟ್ಟೆ. ಕೋಟಿಂಗಿಗೆ ಜಾರದ ಪುಡಿ ಬೆರೆಸಿ ಹೊಡೆಯಬಹುದು. ಮೊದಲೇ ಕೇಳಿ ಬೆರೆಸಿಕೊಳ್ಳಬೇಕು, ನಮಗೆ ಯಾರೂ ಹೇಳಿರಲಿಲ್ಲ.

ಈಗ ಬಾವಿಕಟ್ಟೆಯ ಬದಿ. ಸಿಲೇನ್-ಸಿಲೋಕ್ಸೇನ್ ಪೊರೆ ಕಟ್ಟುವುದಿಲ್ಲ. ಸಿಲೇನ್‌ನ ಕಣ ಸಣ್ಣದು, ಆಳಕ್ಕೆ ಇಳಿಯುತ್ತದೆ. ಸಿಲೋಕ್ಸೇನ್ ದೊಡ್ಡದು, ಮೇಲ್ಮೈ ಹತ್ತಿರ ನಿಲ್ಲುತ್ತದೆ. ಎರಡೂ ಕಾಂಕ್ರೀಟಿನ ರಂಧ್ರಗಳ ಗೋಡೆಗೆ ಅಂಟಿಕೊಂಡು ನೀರನ್ನು ಒಳಗೆ ಬಿಡುವುದಿಲ್ಲ, ಆದರೆ ರಂಧ್ರ ಮುಚ್ಚುವುದಿಲ್ಲವಾದ್ದರಿಂದ ಆವಿ ಹೊರಗೆ ಹೋಗಬಹುದು. ನಮ್ಮ ಊರಿಗೆ ಬೇಕಾದದ್ದು ಇದೇ. ಹೊಡೆದ ಮೇಲೆ ಕಲ್ಲು ಮೊದಲಿನ ಹಾಗೇ ಕಾಣುತ್ತದೆ, ದುಡ್ಡು ಕೊಟ್ಟದ್ದಕ್ಕೆ ಕಣ್ಣಿಗೆ ಏನೂ ಸಿಗುವುದಿಲ್ಲ. ಬಿಂದಿಗೆ ತುಳುಕಿದಾಗ ಮಾತ್ರ ಗೊತ್ತಾಗುತ್ತದೆ: ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತಾಗಿ ಉರುಳುತ್ತದೆ.

ಹೊಡೆಯುವುದು ರೈತರಿಗೆ ಕಷ್ಟದ ಕೆಲಸವೇ ಅಲ್ಲ. ಬೆನ್ನಿಗೆ ಹಾಕುವ ಮದ್ದಿನ ಪಂಪು ಸಾಕು. ಆದರೆ ಬೋರ್ಡೋ, ಎಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಮದ್ದು, ಬಿಟ್ಟ ಪಂಪನ್ನು ಹಾಗೇ ತೆಗೆದುಕೊಳ್ಳಬೇಡಿ. ನಾನು ಮೂರು ಸಲ ತೊಳೆದ ಮೇಲೂ ಮೊದಲ ನಾಲ್ಕು ಕಲ್ಲಿನ ಮೇಲೆ ಮೈಲುತುತ್ತಿನ ತಿಳಿನೀಲಿ ಬಿತ್ತು, ಇವತ್ತಿಗೂ ಇದೆ. ಹೊಸ ಪಂಪು ತಂದು ಮುಂದುವರಿಸಿದೆ. ಚೆನ್ನಾಗಿ ನೆನೆಯುವಷ್ಟು ಹೊಡೆದು, ಅದು ಒಣಗುವ ಮೊದಲೇ ಎರಡನೇ ಸಲ ಹೊಡೆಯಬೇಕು, ನಿಂತ ದ್ರವವನ್ನು ಬಟ್ಟೆಯಿಂದ ಒರೆಸಬೇಕು. ಕಿಟಕಿ ಗಾಜಿಗೆ ಸಿಡಿಯದಂತೆ ಮುಚ್ಚಿಡಿ. 500 ಚದರಡಿಗೆ 20 ಲೀಟರಿನ ಒಂದು ಕ್ಯಾನ್ ಪೂರ್ತಿ ಹೋಯಿತು, 9,400 ರೂಪಾಯಿ. ನಮ್ಮ ಕಲ್ಲು ನೀರು ಹೆಚ್ಚು ಕುಡಿಯುವಂಥದ್ದು, ಅದಕ್ಕೇ ಅಷ್ಟು ಬೇಕಾಯಿತು. ಇಂಟರ್‌ಲಾಕಿಗೆ ಇರುವ ಭಾರತೀಯ ಮಾನಕ ಐಎಸ್ 15658ರ ಪ್ರಕಾರ ಕಲ್ಲು ಹೀರುವ ನೀರು ಸರಾಸರಿ ಅದರ ತೂಕದ 6 ಶೇಕಡಾ ಮೀರಬಾರದು. ಹೊಸದಾಗಿ ಹಾಕಿಸುವವರು ಮೊದಲು ಅದನ್ನು ಕೇಳಿ, ಸೀಲರ್ ಆಮೇಲೆ.

ಪಾಚಿಯ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಸೀಲರ್ ಹೊಡೆದರೆ ಪಾಚಿ ಬರುವುದೇ ಇಲ್ಲ ಎನ್ನುವವರ ಮಾತು ನಂಬಬೇಡಿ. ಹಲಸಿನ ಮರದ ನೆರಳು ಬೀಳುವಲ್ಲಿ ಆಗಸ್ಟಿನೊಳಗೆ ಬಾವಿಕಟ್ಟೆಯ ಬದಿಯೂ ಹಸಿರಾಗಿತ್ತು. ವ್ಯತ್ಯಾಸ ಇರುವುದು ಬೇರು ಬಿಡುವುದರಲ್ಲಿ. ಅಲ್ಲಿ ತೆಂಗಿನ ಕಡ್ಡಿಹಿಡಿಯಿಂದ ಗುಡಿಸಿದರೆ ಪಾಚಿ ಸಿಪ್ಪೆಯಂತೆ ಬರುತ್ತದೆ. ಹಟ್ಟಿಯ ಬದಿಯಲ್ಲಿ ಕಲ್ಲಿನ ಒಳಗೇ ಕೂತಿರುತ್ತದೆ, ಬ್ಲೀಚಿಂಗ್ ಪೌಡರ್ ಇಲ್ಲದೆ ಆಗುವುದಿಲ್ಲ. ಮಳೆ ನಿಂತ ಮೇಲೆ ಒಂದು ಗಂಟೆಯೊಳಗೆ ಬಾವಿಕಟ್ಟೆಯ ಬದಿ ಒಣಗುತ್ತದೆ, ಹಟ್ಟಿಯ ಬದಿ ಸಂಜೆವರೆಗೂ ಕಪ್ಪಗೆ ನೆನೆದಿರುತ್ತದೆ. ಇನ್ನೊಂದು ನೋಡಿದ್ದು: ಬೋರ್ಡೋ ಕಲಸುವ ಡ್ರಮ್ ಇಡುವ ಜಾಗದಲ್ಲಿ ಯಾವ ವರ್ಷವೂ ಪಾಚಿ ಬಂದಿಲ್ಲ. ತಾಮ್ರ ಪಾಚಿಯನ್ನು ಕೊಲ್ಲುತ್ತದೆ. ಹಾಗೆಂದು ಅಂಗಳಕ್ಕೆಲ್ಲ ಮೈಲುತುತ್ತು ಸುರಿದರೆ ಅದು ತೋಡಿಗೆ, ಬಾವಿಗೆ ಹೋಗುತ್ತದೆ, ನಾನಂತೂ ಆ ದಾರಿ ಹಿಡಿಯುವುದಿಲ್ಲ.

ಬ್ಲೀಚಿಂಗ್ ಪೌಡರ್ ಅತ್ಯಂತ ಅಗ್ಗ. ಆಸಿಡ್ ಹಾಕಿದ ಜಾಗಕ್ಕೆ ಮಾತ್ರ ಅದನ್ನು ಯಾವ ಕಾರಣಕ್ಕೂ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಸಂದಿಗೆ ತುಂಬುವ ಪಾಲಿಮರ್ ಮರಳನ್ನೂ ತಂಡದವರು ಹೇಳಿದ್ದರು, ಬೆಲೆ ಕೇಳಿ ಬಿಟ್ಟೆ.

ಅಕ್ರಿಲಿಕ್ ಗೆದ್ದ ಜಾಗಗಳೂ ಇವೆ. ಮಾಡಿನ ನೀರು ಬೀಳುವಲ್ಲಿ ಸಂದಿಯ ಪುಡಿ ತೊಳೆದುಹೋಗದಂತೆ ಅದು ಹಿಡಿದಿತ್ತು. ಬಾವಿಕಟ್ಟೆಯ ಬದಿಯಲ್ಲಿ ಪುಡಿ ಎದ್ದುಹೋಗಿ ಎರಡು ಸಲ ತುಂಬಿಸಿದ್ದೇನೆ. ಪಿಕಪ್ಪಿನ ಎಂಜಿನ್ ಎಣ್ಣೆ ಬಿದ್ದರೆ ಅಕ್ರಿಲಿಕ್ ಮೇಲೆ ಒರೆಸಿದರೆ ಹೋಗುತ್ತದೆ, ಸಿಲೇನ್ ಎಣ್ಣೆಯನ್ನು ಅಷ್ಟು ತಡೆಯುವುದಿಲ್ಲ. ಹಸಿ ಅಡಿಕೆಯ ಚೊಗರಿನ ಕಲೆಯೂ ಹಾಗೇ, ಸ್ವಲ್ಪ ಉಳಿಯುತ್ತದೆ.

ಆದರೆ ನಮ್ಮ ಅಂಗಳ ನೋಡಲಿಕ್ಕೆ ಇರುವುದಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅದರ ಮೇಲೆ ಅಡಿಕೆ ಹರಗುತ್ತೇವೆ, ಎಂದರೆ ಒಣಗಲು ಹರಡುತ್ತೇವೆ. ಚಾಲಿ (ಸಿಪ್ಪೆ ಸಮೇತ ಒಣಗಿಸಿ ಸುಲಿಯುವ ಅಡಿಕೆ) ಆಗಲು ನಲವತ್ತು ದಿನಕ್ಕೆ ಕಡಿಮೆ ಇಲ್ಲದ ಬಿಸಿಲು ಬೇಕು. ಮಾರ್ಚ್ ಮಧ್ಯಾಹ್ನ ಅಕ್ರಿಲಿಕ್ ಮೆತ್ತಗಾಗಿ ಅಡಿಕೆಯ ಸಿಪ್ಪೆಯ ನಾರು ಅದಕ್ಕೆ ಅಂಟುತ್ತಿತ್ತು, ಹಲ್ಲಿನ ಹಲಗೆ ಎಳೆದಲ್ಲಿ ಗೀರು ಬೀಳುತ್ತಿತ್ತು. ತಿನ್ನುವ ವಸ್ತು ಒಣಗಿಸುವ ಜಾಗದಲ್ಲಿ ಅದು ನನಗೆ ಸರಿ ಕಾಣಲಿಲ್ಲ. ತೆಗೆಸುವ ತೀರ್ಮಾನ ಆದದ್ದು ಅಲ್ಲಿ.

2024ರ ಜನವರಿಯಲ್ಲಿ ಚದರಡಿಗೆ 20 ರೂಪಾಯಿಯಂತೆ 1,200 ಚದರಡಿಯ ಪೊರೆ ತೆಗೆಸಿ, ಫೆಬ್ರವರಿಯಲ್ಲಿ ನಾನೂ ಒಬ್ಬ ಆಳೂ ಸೇರಿ ಸಿಲೇನ್-ಸಿಲೋಕ್ಸೇನ್ ಹೊಡೆದೆವು. ಈ ಸಲ ಮೊದಲು ತೇವ ಪರೀಕ್ಷೆ ಮಾಡಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಕಲ್ಲಿಗೆ ಅಂಟಿಸಿ 16 ಗಂಟೆ ಬಿಡುವುದು. ಅಡಿಯಲ್ಲಿ ಹನಿ ಕಂಡರೆ, ಕಲ್ಲು ಕಪ್ಪಾದರೆ ನೆಲದೊಳಗೆ ಇನ್ನೂ ನೀರಿದೆ ಎಂದರ್ಥ. ಜನವರಿ ಎರಡನೇ ವಾರವೂ ತುಳಸಿಕಟ್ಟೆಯ ಹತ್ತಿರ ಹನಿ ಕಂಡಿತು! ಮೇಲೆ ಖಡಕ್ಕಾಗಿ ಒಣಗಿದ್ದ ಕಲ್ಲು ಅದು. ಫೆಬ್ರವರಿ 10ರ ಮೇಲೆ ಹಾಳೆ ಒಣಗಿಯೇ ಇತ್ತು, ಆಗ ಹೊಡೆದೆವು, ಇಬ್ಬನಿ ಆರಿದ ಮೇಲೆ ಹತ್ತು ಗಂಟೆಗೆ ಶುರು ಮಾಡಿ. ಹಳೆ ಅಕ್ರಿಲಿಕ್ ಪೂರ್ತಿ ಹೋಗದ ಕೆಲವು ಕಲ್ಲು ಸೀಲರ್ ಕುಡಿಯಲಿಲ್ಲ, ಅವು ಇಂದಿಗೂ ಮಳೆಯಲ್ಲಿ ಬೇರೆ ಬಣ್ಣ ಕಾಣುತ್ತವೆ.

ನನ್ನ ತಮ್ಮನ ಬೆಂಗಳೂರಿನ ಮನೆಯಲ್ಲಿ ಇಂಥದೇ ಮಿಂಚಿನ ಕೋಟಿಂಗ್ ಮೂರು ವರ್ಷ ಮೀರಿದರೂ ಚೆನ್ನಾಗಿದೆ. ಅಲ್ಲಿ ಬೀಳುವುದು ಸಾವಿರ ಮಿ.ಮೀ. ಆಸುಪಾಸು ಮಳೆ, ನಡುನಡುವೆ ನೆಲ ಒಣಗುತ್ತದೆ. ಅವನ ಮನೆ ನೋಡಿಯೇ ನಾನು ಹೊಡೆಸಿದ್ದು. ನಮ್ಮಲ್ಲೂ ಕಾರು ನಿಲ್ಲಿಸುವ ಶೀಟಿನ ಅಡಿಯ 200 ಚದರಡಿ ಅಕ್ರಿಲಿಕ್ ಹಾಗೇ ಇಟ್ಟಿದ್ದೇನೆ. ಮಳೆ ಬೀಳದ, ಎಣ್ಣೆ ಬೀಳುವ ಜಾಗ, ಅಲ್ಲಿ ಅದು ಒಂದು ಗುಳ್ಳೆಯೂ ಏಳದೆ ಕೂತಿದೆ. ಹಾಗಾಗಿ ಮೇಲೆ ಮಾಡು ಇರುವ ಜಾಗವಾದರೆ, ಅಡಿಕೆ ಹರಗುವುದಿಲ್ಲವಾದರೆ, ಎರಡು-ಮೂರು ವರ್ಷಕ್ಕೊಮ್ಮೆ ಮತ್ತೆ ಹೊಡೆಸುವ ದುಡ್ಡಿದ್ದರೆ ಅಕ್ರಿಲಿಕ್ ಹೊಡೆಸಬಹುದು. ತೆರೆದ ಅಂಗಳಕ್ಕೆ ಬೇಡ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಏನೂ ಹೊಡೆಸದೆ ಬ್ಲೀಚಿಂಗ್ ಪೌಡರಿನಲ್ಲೇ ಇರಿ. ನಮ್ಮ ಹಟ್ಟಿಯ ಬದಿ ನೋಡಲು ಕಪ್ಪಾದರೂ ಕಲ್ಲಿಗೆ ಏನೂ ಆಗಿಲ್ಲ.

ಬಾವಿಕಟ್ಟೆಯ ಬದಿಯಲ್ಲಿ ಈಗ ನೀರು ಮೊದಲಿನಂತೆ ಮುತ್ತಾಗಿ ಉರುಳುವುದಿಲ್ಲ. ಕೆಲಸ ಮುಗಿಯಿತೆಂದು ಅದರಿಂದ ಹೇಳಲಾಗದು, ಬಿಸಿಲಿಗೆ ಮೇಲ್ಮೈಯ ಗುಣ ಹೋದರೂ ಒಳಗಿನದ್ದು ಉಳಿದಿರುತ್ತದೆ. ನಾನು ಮಳೆಗಾಲ ಮುಗಿದ ಮೇಲೆ ಐದಾರು ಕಲ್ಲಿನ ಮೇಲೆ ಒಂದೊಂದು ಚಮಚ ನೀರು ಹಾಕಿ ಹತ್ತು ನಿಮಿಷ ನೋಡುತ್ತೇನೆ. ಒರೆಸಿದಾಗ ಕಲ್ಲು ಕಪ್ಪಾಗಿಲ್ಲದಿದ್ದರೆ ಇನ್ನೊಂದು ವರ್ಷ ಸಾಕು. 2025ರ ನವೆಂಬರಿನಲ್ಲಿ ನೋಡಿದ ಆರು ಕಲ್ಲಿನಲ್ಲಿ ಕಪ್ಪಾದದ್ದು ಒಂದೇ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ್ದು.