ವೈರೋ, ಪ್ಯಾಡೋ, ಮ್ಯಾಗ್ನೆಟ್ಟೋ? ಬನಹಟ್ಟಿಯ ನೂಲಿನ ಧೂಳಲ್ಲಿ ಎಲ್ಲವನ್ನೂ ಬಳಸಿ ನೋಡಿದ್ದು

ವೈರ್‌ಲೆಸ್ ಚಾರ್ಜಿಂಗ್, ಅಂದರೆ ಫೋನಿಗೆ ಕೇಬಲ್ ಚುಚ್ಚದೆ ಪ್ಯಾಡ್ ಅಥವಾ ಸ್ಟ್ಯಾಂಡ್ ಮೇಲೆ ಇಟ್ಟು ಚಾರ್ಜ್ ಮಾಡೋದು, ದಿನಾ ಬಳಸೋಕೆ ಯೋಗ್ಯವಾ ಅಂತ ಕೇಳಿದರೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಗಲಲ್ಲಿ ಹೌದು, ರಾತ್ರಿ ಬೇಡ, ಬೇಸಿಗೆಯಲ್ಲಂತೂ ಬೇಡವೇ ಬೇಡ. ಯಾಕೆ ಅಂತ ಈಗ ವಿವರವಾಗಿ.

ಸಾಮಾನ್ಯವಾಗಿ ಎಲ್ಲರೂ ಇದನ್ನು ವೇಗದ ಲೆಕ್ಕದಲ್ಲಿ ಹೋಲಿಸುತ್ತಾರೆ. ವೇಗದಲ್ಲಿ ವೈರ್ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಬನಹಟ್ಟಿಯಲ್ಲಿ, ಅದೂ ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ ಇರುವ ಕಡೆ, ಫೋನಿಗೆ ಬರುವ ರೋಗವೇ ಬೇರೆ. ಹತ್ತಿ ನೂಲು ಮಗ್ಗದ ಮೇಲೆ ಓಡುವಾಗ ಸಣ್ಣ ಸಣ್ಣ ಎಳೆಗಳು ಉದುರುತ್ತಲೇ ಇರುತ್ತವೆ. ಫ್ಯಾನಿನ ರೆಕ್ಕೆ, ಟ್ಯೂಬ್‌ಲೈಟಿನ ಪಟ್ಟಿ, ಕೆಲಸ ಮಾಡುವವರ ಹುಬ್ಬು, ಅಂಗಿ ಜೇಬು, ಎಲ್ಲ ಕಡೆ ಅದೇ. ಜೇಬಿನಲ್ಲಿರುವ ಫೋನಿನ ಚಾರ್ಜಿಂಗ್ ತೂತಿಗೂ ಅದೇ. ಕೇಬಲ್ ಚುಚ್ಚಿದಾಗಲೆಲ್ಲ ಆ ಧೂಳು ಇನ್ನಷ್ಟು ಒಳಗೆ ಒತ್ತಿಕೊಳ್ಳುತ್ತದೆ. ಕೆಲವು ತಿಂಗಳಾದ ಮೇಲೆ ಕೇಬಲ್ ಪೂರ್ತಿ ಕೂರೋದಿಲ್ಲ, ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ. ಫೋನ್ ಸ್ವಲ್ಪ ಅಲುಗಾಡಿದರೂ ಚಾರ್ಜ್ ಕಟ್. ಫಾಸ್ಟ್ ಚಾರ್ಜಿಂಗ್ ಅಂತೂ ಮರೆತೇ ಬಿಡಿ.

ರಿಪೇರಿ ಅಂಗಡಿಗೆ ಹೋದರೆ ಮೊದಲ ಮಾತೇ "ಪಿನ್ ಹೋಗೇತ್ರೀ, ಬದಲಿ ಮಾಡಬೇಕು." ಬದಲಿಸುವ ಮುಂಚೆ ಒಂದು ಕೆಲಸ ಮಾಡಿ. ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು, ಮರದ ಹಲ್ಲುಕಡ್ಡಿಯಿಂದ ಒಳಗಡೆ ಮೆಲ್ಲಗೆ ಕೆರೆಯಿರಿ. ಗುಂಡುಪಿನ್, ಸೂಜಿ ಬೇಡ, ಒಳಗಿನ ಸಣ್ಣ ನಾಲಿಗೆ ಮುರಿಯುತ್ತದೆ. ನನ್ನ ಫೋನಿನಿಂದ ಹೊರಬಂದದ್ದು ಒತ್ತಿ ಗಟ್ಟಿಯಾದ ಕಂಬಳಿ ತುಂಡಿನಂಥದ್ದು. ಬೂದು ಬಣ್ಣ, ನಡುವೆ ಒಂದು ಪದರ ಕೆಂಪು, ಒಂದು ಪದರ ಹಸಿರು. ಯಾವ ತಿಂಗಳು ಯಾವ ಸೀರೆ ನೇಯ್ದಿದ್ದೆವು ಅಂತ ಅದನ್ನು ನೋಡಿಯೇ ಹೇಳಬಹುದಿತ್ತು! ಯುಎಸ್‌ಬಿ-ಸಿ ಅನ್ನುವ ಈಗಿನ ಫೋನ್‌ಗಳ ಚಾರ್ಜಿಂಗ್ ಪಿನ್ 10,000 ಸಲ ಹಾಕಿ ತೆಗೆದರೂ ತಾಳಬೇಕು ಅನ್ನೋದು ಅದರ ನಿಯಮದಲ್ಲೇ ಇದೆ. ದಿನಕ್ಕೆ ಮೂರು ಸಲ ಚುಚ್ಚಿದರೂ ಒಂಬತ್ತು ವರ್ಷ. ಅಂದರೆ ನಮ್ಮ ಕಡೆ ಪಿನ್ ಸವೆದು ಹೋಗೋದು ಕಡಿಮೆ, ಧೂಳು ತುಂಬಿ ಹೋಗೋದೇ ಜಾಸ್ತಿ. ಹಾಗಾಗಿ ತೂತಿನ ಗೊಡವೆಯೇ ಇಲ್ಲದ ಚಾರ್ಜಿಂಗ್ ಅಂದರೆ ನನಗೆ ಆಸೆ ಹುಟ್ಟಿದ್ದು ಸಹಜ ಅಲ್ವಾ.

ನನ್ನ ಫೋನ್ ಆಂಡ್ರಾಯ್ಡ್. 5000 ಎಂಎಎಚ್ ಬ್ಯಾಟರಿ, ಹಿಂಬದಿ ಗಾಜು, ವೈರ್‌ನಲ್ಲಿ 25 ವ್ಯಾಟ್, ವೈರ್‌ಲೆಸ್‌ನಲ್ಲಿ 15 ವ್ಯಾಟ್ ತನಕ ತಗೊಳ್ಳುತ್ತದೆ. ಹುಬ್ಬಳ್ಳಿಯಿಂದ ಬರುವ ತಂಗಿಯ ಐಫೋನ್ 15 ಅನ್ನೂ ಆಗಾಗ ಇಸಿದುಕೊಂಡು ಇಟ್ಟು ನೋಡಿದ್ದೇನೆ.

ಮೊದಲು ವೈರ್. 20ರಿಂದ 80 ಪರ್ಸೆಂಟ್‌ಗೆ ಸುಮಾರು 50 ನಿಮಿಷ. ಫೋನ್ ಕೈಗೆ ಬೆಚ್ಚಗೆ ಅನ್ನಿಸುತ್ತದೆ, ಅಷ್ಟೇ. ಚಾರ್ಜ್ ಆಗುತ್ತಿರುವಾಗಲೇ ಎತ್ತಿ ಮಾತಾಡಬಹುದು, ವ್ಯಾಪಾರಿಗಳಿಗೆ ಸೀರೆ ಫೋಟೋ ಕಳಿಸಬಹುದು. ಇದರ ಬಗ್ಗೆ ಹೆಚ್ಚು ಹೇಳೋಕೆ ಏನೂ ಇಲ್ಲ, ಒಳ್ಳೆಯದು ಅಂದರೆ ಒಳ್ಳೆಯದು.

ಆಮೇಲೆ ಚಪ್ಪಟೆ ಪ್ಯಾಡ್. ಕ್ಯೂಐ (Qi) ಅನ್ನುವ ವೈರ್‌ಲೆಸ್ ಚಾರ್ಜಿಂಗ್ ಸ್ಟ್ಯಾಂಡರ್ಡ್‌ನದು, 2010ರಿಂದ ಇರುವ ತಂತ್ರ. ಐಫೋನಿಗೆ ಇದು 2017ರಲ್ಲಿ, 8 ಮತ್ತು ಎಕ್ಸ್ ಬಂದಾಗ ಸೇರಿತು. ಪ್ಯಾಡಿನೊಳಗೆ ತಾಮ್ರದ ತಂತಿಯ ಸುರುಳಿ ಒಂದು, ಫೋನಿನ ಬೆನ್ನೊಳಗೆ ಇನ್ನೊಂದು. ಪ್ಯಾಡಿನ ಸುರುಳಿಯಲ್ಲಿ ಕರೆಂಟ್ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಏಳುವ ಕಾಂತಕ್ಷೇತ್ರ ಫೋನಿನ ಸುರುಳಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದೇ ಇದು. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ನಡೆಯೋದೂ ಇದರ ಮೇಲೇ. ಆದರೆ ಟ್ರಾನ್ಸ್‌ಫಾರ್ಮರಿನಲ್ಲಿ ಎರಡೂ ಸುರುಳಿ ಒಂದೇ ಕಬ್ಬಿಣದ ಮೇಲೆ ಬಿಗಿಯಾಗಿ ಕೂತಿರುತ್ತವೆ. ಇಲ್ಲಿ ನಡುವೆ ಪ್ಲಾಸ್ಟಿಕ್, ಗಾಜು, ಬ್ಯಾಕ್ ಕವರ್, ಮೇಲಿಂದ ನಾವು ಫೋನನ್ನು ಸೊಟ್ಟಗೆ ಇಟ್ಟಿರುತ್ತೇವೆ. ಸುರುಳಿಗೆ ಸುರುಳಿ ನೇರ ಕೂರದಿದ್ದರೆ ಕರೆಂಟ್ ಬಿಸಿಯಾಗಿ ಪೋಲಾಗುತ್ತದೆ.

ಪ್ಯಾಡ್ ತಂದ ದಿನ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು, "ವೈರ್ ಇಲ್ಲದ್ದು ಅಂತಿ, ಮತ್ತ ಇದರ ಬಾಲಕ್ಕ ವೈರ್ ಯಾಕ ಐತಿ?" ಉತ್ತರ ಹೇಳೋದು ಕಷ್ಟ. ವೈರ್ ಎಲ್ಲೂ ಹೋಗಿಲ್ಲ, ಫೋನಿಂದ ಇಳಿದು ಮೇಜಿಗೆ ಬಂದಿದೆ ಅಷ್ಟೇ.

ಈ ಪ್ಯಾಡಿನಲ್ಲಿ 20ರಿಂದ 80ಕ್ಕೆ ಎರಡು ಗಂಟೆ ಹತ್ತಿರ ಹಿಡಿಯುತ್ತದೆ. ಅದೂ ಸರಿಯಾಗಿ ಇಟ್ಟರೆ. ಸ್ವಲ್ಪ ಜಾರಿದರೆ ಬೆಳಿಗ್ಗೆ ಎದ್ದು ನೋಡಿದಾಗ ರಾತ್ರಿ ಎಷ್ಟಿತ್ತೋ ಅಷ್ಟೇ ಇರುತ್ತದೆ. ಶೆಡ್ ಪಕ್ಕದ ಕೋಣೆಯಲ್ಲಿ ಇನ್ನೊಂದು ತಮಾಷೆ. ಮಗ್ಗಗಳು ಶುರುವಾದರೆ ಮೇಜು ಸಣ್ಣಗೆ ನಡುಗುತ್ತದೆ, ಫೋನ್ ಮೆಲ್ಲಗೆ ತೆವಳುತ್ತಾ ಪ್ಯಾಡಿನ ಅಂಚಿಗೆ ಬರುತ್ತದೆ. ವಾಟ್ಸಾಪ್ ಮೆಸೇಜ್ ಬಂದು ವೈಬ್ರೇಟ್ ಆದರೂ ಅದೇ ಕತೆ.

ಮೂರನೆಯದು ಮ್ಯಾಗ್ನೆಟ್ ಸ್ಟ್ಯಾಂಡ್. ಆ್ಯಪಲ್ 2020ರಲ್ಲಿ ಐಫೋನ್ 12ರ ಜೊತೆ ಮ್ಯಾಗ್‌ಸೇಫ್ ಅಂತ ತಂದದ್ದೇ ಮುಂದೆ 2023ರಲ್ಲಿ ಕ್ಯೂಐ2 ಅನ್ನುವ ಸ್ಟ್ಯಾಂಡರ್ಡ್‌ಗೆ ಬುನಾದಿ ಆಯಿತು. ಸುರುಳಿಯ ಸುತ್ತ ಆಯಸ್ಕಾಂತದ ಉಂಗುರ. ಫೋನ್ ಹತ್ತಿರ ತಂದರೆ ಟಪ್ ಅಂತ ತಾನೇ ಸರಿಯಾದ ಜಾಗಕ್ಕೆ ಕೂರುತ್ತದೆ. ನನ್ನ ಫೋನಿನಲ್ಲಿ ಮ್ಯಾಗ್ನೆಟ್ ಇಲ್ಲ, ಹಾಗಾಗಿ ಮ್ಯಾಗ್ನೆಟ್ ಉಂಗುರ ಇರುವ ಬ್ಯಾಕ್ ಕವರ್ ಹಾಕಿಕೊಂಡೆ. ಸಮಯ ಒಂದೂವರೆ ಗಂಟೆ ಆಸುಪಾಸಿಗೆ ಇಳಿಯಿತು. ತಂಗಿಯ ಫೋನಿನಲ್ಲಿ ಇನ್ನೂ ಬೇಗ. ನಡುಗುವ ಮೇಜಿನ ಮೇಲೂ ಅಲುಗಾಡದೆ ನಿಲ್ಲುತ್ತದೆ, ಮುಖ ನಮ್ಮ ಕಡೆ ಇರುತ್ತದೆ, ದುಡ್ಡು ಬಂದ ಮೆಸೇಜ್ ಕಾಣಿಸುತ್ತದೆ. ಚಪ್ಪಟೆ ಪ್ಯಾಡ್ ಮತ್ತು ಇದು ಎರಡೂ ವೈರ್‌ಲೆಸ್ಸೇ, ಆದರೆ ದಿನದ ಬಳಕೆಯಲ್ಲಿ ಎರಡೂ ಬೇರೆ ಬೇರೆ ವಸ್ತು ಅನ್ನಿಸುವಷ್ಟು ವ್ಯತ್ಯಾಸ ಇದೆ. ಹಳೇ ಪ್ಯಾಡ್ ಬಳಸಿ ಬೇಸತ್ತು ವೈರ್‌ಲೆಸ್ಸೇ ಸುಳ್ಳು ಅನ್ನುವವರು ಇದನ್ನೊಮ್ಮೆ ನೋಡಬೇಕು.

ಇವುಗಳ ನಡುವೆ ಇನ್ನೊಂದು ಅಗ್ಗದ ಸಾಮಾನು ಇದೆ. ಮ್ಯಾಗ್ನೆಟ್ ತುದಿಯ ಕೇಬಲ್. ಸಣ್ಣ ತುದಿಯನ್ನು ಫೋನಿನ ತೂತಿನಲ್ಲೇ ಬಿಟ್ಟಿರೋದು, ಕೇಬಲ್ ಹತ್ತಿರ ಹಿಡಿದರೆ ಅಂಟಿಕೊಳ್ಳುತ್ತದೆ. ಧೂಳು ಒಳಗೆ ಹೋಗೋದಿಲ್ಲ, ಬೆಲೆ ಇನ್ನೂರು ಮುನ್ನೂರು ರೂಪಾಯಿ. ಕೇಳೋಕೆ ನಮಗಾಗಿಯೇ ಮಾಡಿದ ಹಾಗಿದೆ. ಆದರೆ ಮಗ್ಗದ ಶೆಡ್ಡಿನಲ್ಲಿ ಹತ್ತಿ ಧೂಳಿನ ಜೊತೆ ಕಬ್ಬಿಣದ ಸಣ್ಣ ಪುಡಿಯೂ ಇರುತ್ತದೆ. ಎಣ್ಣೆ ಹಾಕಿ ಓಡಿಸುವ ಮಷಿನ್, ಸವೆಯದೇ ಇರುತ್ತದಾ? ಆ ಪುಡಿಯೆಲ್ಲ ಆ ತುದಿಗೆ ಮೀಸೆ ಬಂದಂತೆ ಅಂಟಿಕೊಂಡಿತು. ಹೊರಗೆ ತೆರೆದಿರುವ ಕರೆಂಟ್ ಪಿನ್‌ಗಳ ಮೇಲೆ ಕಬ್ಬಿಣದ ಪುಡಿ! ಅವತ್ತೇ ಕಿತ್ತು ಬಿಸಾಕಿದೆ. ಇಂಥ ತುದಿ ಯುಎಸ್‌ಬಿ ನಿಯಮದ ಒಳಗೆ ಬರುವ ಸಾಮಾನೂ ಅಲ್ಲ.

ಈಗ ಬಿಸಿಯ ವಿಷಯ. ಇಡೀ ಹೋಲಿಕೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರೋದಿಲ್ಲ. ಬಿಸಿಯಾಗಿದ್ದಷ್ಟೂ ಬೇಗ ಮುಪ್ಪಾಗುತ್ತದೆ, ಅದರಲ್ಲೂ ಪೂರ್ತಿ ತುಂಬಿ ಬಿಸಿಯಲ್ಲಿ ಕೂತಿದ್ದರೆ ಇನ್ನೂ ಬೇಗ. ಐಫೋನನ್ನು 0ರಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಿ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಮಧ್ಯಾಹ್ನ 40 ದಾಟುತ್ತದೆ, ತಗಡಿನ ಶೆಡ್ಡಿನ ಕೆಳಗೆ ಅದಕ್ಕಿಂತ ಜಾಸ್ತಿ. ಅಂಥ ಹೊತ್ತಲ್ಲಿ ಪ್ಯಾಡಿನ ಮೇಲೆ ಇಟ್ಟರೆ ಫೋನಿನ ಬೆನ್ನು ಮುಟ್ಟೋಕೆ ಆಗದಷ್ಟು ಸುಡುತ್ತದೆ. ಸ್ವಲ್ಪ ಹೊತ್ತಿಗೆ ಫೋನೇ ಚಾರ್ಜಿಂಗ್ ನಿಲ್ಲಿಸಿ, ತಣ್ಣಗಾದ ಮೇಲೆ ಮುಂದುವರಿಸುತ್ತೇನೆ ಅಂತ ತೋರಿಸುತ್ತದೆ. ಅದು ತಣ್ಣಗಾಗೋದು ಸಂಜೆಗೇ! ವೈರ್ ಹಾಕಿದರೂ ಆ ಹೊತ್ತಲ್ಲಿ ಫೋನ್ ಬಿಸಿ ಆಗುತ್ತದೆ, ಸುಳ್ಳು ಹೇಳೋದಿಲ್ಲ, ಆದರೆ ಬೇಗ ಮುಗಿಸಿ ತೆಗೆದುಬಿಡಬಹುದು. ಫ್ಯಾನ್ ಕೆಳಗೆ ಬೋರಲು ಇಡಬಹುದು. ಪ್ಯಾಡಿನಲ್ಲಿ ಬೆನ್ನೇ ಒಲೆ ಮೇಲೆ, ಗಾಳಿ ಎಲ್ಲಿಂದ ತಗಲಬೇಕು?

ರಾತ್ರಿಯಿಡೀ ಪ್ಯಾಡಿನ ಮೇಲೆ ಬಿಡೋದು ಬೇಡ ಅನ್ನೋದೂ ಇದಕ್ಕೇ. ಹನ್ನೆರಡಕ್ಕೆಲ್ಲ ತುಂಬಿರುತ್ತದೆ, ಆಮೇಲೆ ಬೆಳಗಿನ ತನಕ ಇಷ್ಟಿಷ್ಟೇ ತುಂಬಿಸುತ್ತಾ ಬೆಚ್ಚಗೇ ಇಟ್ಟಿರುತ್ತದೆ. ಈಗಿನ ಬಹಳ ಫೋನ್‌ಗಳಲ್ಲಿ 80 ಪರ್ಸೆಂಟ್‌ಗೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಅದನ್ನಾದರೂ ಹಾಕಿಕೊಳ್ಳಿ. ಡಿಸೆಂಬರ್, ಜನವರಿ ಚಳಿಯಲ್ಲಿ ನನಗೆ ಈ ಯಾವ ತೊಂದರೆಯೂ ಕಾಣಲಿಲ್ಲ.

ಕರೆಂಟ್ ಬಿಲ್ ಜಾಸ್ತಿ ಬರುತ್ತದಾ ಅಂತ ಅಪ್ಪನ ಚಿಂತೆ. ಬರೋದಿಲ್ಲ. 5000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್-ಅವರ್. ವೈರ್‌ಲೆಸ್‌ನಲ್ಲಿ ಪೋಲಾಗೋದು ಎಲ್ಲ ಸೇರಿಸಿ ವೈರಿಗಿಂತ ದಿನಕ್ಕೆ ಹತ್ತು ವ್ಯಾಟ್-ಅವರ್ ಹೆಚ್ಚು ಅಂತಲೇ ಹಿಡಿಯಿರಿ, ವರ್ಷಕ್ಕೆ ನಾಲ್ಕು ಯೂನಿಟ್ (ಯೂನಿಟ್ ಅಂದರೆ ಸಾವಿರ ವ್ಯಾಟ್-ಅವರ್) ಕೂಡ ಆಗೋದಿಲ್ಲ. ಯೂನಿಟ್‌ಗೆ ಎಂಟು ರೂಪಾಯಿ ಅಂದರೂ ಮೂವತ್ತು ರೂಪಾಯಿ ಲೆಕ್ಕ. ಮಗ್ಗ ಓಡಿಸುವ ಮನೆಯಲ್ಲಿ ಇದು ಯಾವ ಮೂಲೆಗೆ? ಆದರೆ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗ ಅಥವಾ ಪವರ್ ಬ್ಯಾಂಕಿನಿಂದ ಹಾಕುವಾಗ ಒಂದೊಂದು ಹನಿಯೂ ಮುಖ್ಯ. ಆಗ ವೈರೇ ಸರಿ. ಬೆನ್ನಿಗೆ ಅಂಟುವ ಮ್ಯಾಗ್ನೆಟ್ ಪವರ್ ಬ್ಯಾಂಕ್ ನೋಡೋಕೆ ಚೆಂದ, ಅರ್ಧ ಶಕ್ತಿ ಕೈ ಬಿಸಿ ಮಾಡೋಕೇ ಹೋಗುತ್ತದೇನೋ ಅನ್ನಿಸುತ್ತದೆ.

ಕಾರಿನದ್ದೂ ಒಂದು ಮಾತು. ಮಹಾಲಿಂಗಪುರ, ಗೋಕಾಕ ದಾಟಿ ಬೆಳಗಾವಿಗೆ ಸೀರೆ ಗಂಟು ಹಾಕಿಕೊಂಡು ಹೋಗುವಾಗ ಮ್ಯಾಗ್ನೆಟ್ ಹೋಲ್ಡರ್ ಬಳಸಿ ನೋಡಿದೆ. ಕಬ್ಬಿನ ಟ್ರ್ಯಾಕ್ಟರ್ ಸೀಸನ್‌ನಲ್ಲಿ ಬ್ರೇಕು, ಹಂಪು ಒಂದಾದ ಮೇಲೊಂದು, ಆದರೂ ಫೋನ್ ಬೀಳಲಿಲ್ಲ. ಆದರೆ ಮ್ಯಾಪ್ ಓಡುತ್ತಿದೆ, ಎದುರಿಗೆ ಬಿಸಿಲು ಹೊಡೆಯುತ್ತಿದೆ, ಹಿಂದಿನಿಂದ ಚಾರ್ಜಿಂಗ್. ಪರ್ಸೆಂಟೇಜ್ ಏರಲೂ ಇಲ್ಲ, ಇಳಿಯಲೂ ಇಲ್ಲ, ಬೆಳಗಾವಿ ಮುಟ್ಟೋ ತನಕ ನಿಂತಲ್ಲೇ ನಿಂತಿತ್ತು. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಆದರೆ ವಾಸಿ, ಗಾಳಿ ನೇರ ಫೋನಿನ ಬೆನ್ನಿಗೇ ತಗಲುತ್ತದೆ.

ಪ್ಯಾಡ್ ಕೊಂಡ ಗೆಳೆಯರು "ನನ್ನದು ಚಾರ್ಜೇ ಆಗವಲ್ದು" ಅಂತ ಬಂದಾಗ ನಾನು ಮೊದಲು ಬ್ಯಾಕ್ ಕವರ್ ಬಿಚ್ಚಿ ನೋಡುತ್ತೇನೆ. ಒಳಗೆ ಮಡಚಿದ ನೂರರ ನೋಟು, ದೇವರ ಫೋಟೋ, ಎಟಿಎಂ ಕಾರ್ಡ್. ನೋಟು, ಫೋಟೋದಿಂದ ಅಪಾಯ ಇಲ್ಲ, ಸುರುಳಿಗಳ ನಡುವಿನ ಅಂತರ ಹೆಚ್ಚುತ್ತದೆ ಅಷ್ಟೇ. ಕಾರ್ಡ್ ಮಾತ್ರ ತೆಗೆಯಲೇಬೇಕು, ಅದರ ಚಿಪ್, ಕಪ್ಪು ಪಟ್ಟಿ ಕೆಡಬಹುದು. ಬೆರಳು ಸಿಕ್ಕಿಸುವ ಲೋಹದ ರಿಂಗ್, ಹಳೇ ಕಾರ್ ಹೋಲ್ಡರಿನ ಕಬ್ಬಿಣದ ಬಿಲ್ಲೆ ಅಂಟಿಸಿದ್ದರೂ ಆಗೋದಿಲ್ಲ. ಲೋಹ ಕಂಡರೆ ಒಳ್ಳೆಯ ಪ್ಯಾಡ್ ತಾನೇ ನಿಲ್ಲುತ್ತದೆ. ಅಗ್ಗದ್ದಾದರೆ ನಿಲ್ಲದೆ ಬಿಲ್ಲೆಯನ್ನೇ ಕಾಯಿಸಬಹುದು.

ಹಾಗಾದರೆ ನಾನು ಈಗ ಏನು ಮಾಡುತ್ತಿದ್ದೇನೆ? ಲೆಕ್ಕ ಬರೆಯುವ ಮೇಜಿನ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್. ಕೂತಾಗ ಅಂಟಿಸೋದು, ಎದ್ದಾಗ ಕಿತ್ತುಕೊಂಡು ಹೋಗೋದು. ಹೀಗೆ ಚೂರುಪಾರು ತುಂಬುತ್ತಾ ಹೋದರೆ ನಿಧಾನ ಅನ್ನೋದು ಲೆಕ್ಕಕ್ಕೇ ಬರೋದಿಲ್ಲ, ಸಂಜೆ ತನಕ 60, 70ರ ಮೇಲೇ ಇರುತ್ತದೆ. ಚಾರ್ಜಿಂಗ್ ತೂತಿಗೆ ಒಂದು ರಬ್ಬರ್ ಬಿರಡೆ. ಮಲಗುವ ಕೋಣೆಯಲ್ಲಿ ವೈರ್, ಬೇಕಾದಾಗ ಮಾತ್ರ ಬಿರಡೆ ತೆಗೆದು ಹಾಕೋದು. ಮಾರ್ಚ್ ಮುಗಿದರೆ ಸ್ಟ್ಯಾಂಡ್ ಬರೀ ಫೋನ್ ನಿಲ್ಲಿಸೋಕೆ.

ಇಲ್ಲಿ ಯಾರಾದರೂ ಕೇಳಬಹುದು, ಧೂಳೇ ತೊಂದರೆ ಅಂದರೆ ಬಿರಡೆಯೊಂದೇ ಸಾಕಲ್ವಾ, ಸಾವಿರಾರು ರೂಪಾಯಿ ಯಾಕೆ? ನಿಜ. ಇಪ್ಪತ್ತು ಮೂವತ್ತು ರೂಪಾಯಿಯ ಬಿರಡೆಯಿಂದ ನನ್ನ ಅರ್ಧಕ್ಕಿಂತ ಜಾಸ್ತಿ ತೊಂದರೆ ನೀಗಿತು. ಅವ್ವನ ಫೋನ್ ಪ್ಲಾಸ್ಟಿಕ್ ಬೆನ್ನಿನದು, ವೈರ್‌ಲೆಸ್ಸೇ ಇಲ್ಲ. ಹದಿನೈದು ಇಪ್ಪತ್ತು ಸಾವಿರದ ಫೋನ್‌ಗಳಲ್ಲಿ ಬಹುತೇಕ ಇರೋದಿಲ್ಲ. ಅವಳಿಗೆ ಬಿರಡೆಯೇ ಗತಿ, ಅವಳ ಪಿನ್ ಈಗಲೂ ಗಟ್ಟಿಯಾಗಿದೆ. ಬರೀ ವೈರ್‌ಲೆಸ್ ಸಲುವಾಗಿ ಐದಾರು ಸಾವಿರ ಜಾಸ್ತಿ ಕೊಟ್ಟು ಬೇರೆ ಫೋನ್ ಕೊಳ್ಳಬೇಡಿ ಅಂತಲೇ ನಾನು ಹೇಳೋದು. ಫೋನಿನಲ್ಲಿ ಈಗಾಗಲೇ ಇದ್ದು, ದಿನಕ್ಕೆ ನಾಲ್ಕೈದು ಗಂಟೆ ಒಂದೇ ಮೇಜಿನ ಮುಂದೆ ಕೂರುವವರಾದರೆ ಸ್ಟ್ಯಾಂಡ್ ಕೊಳ್ಳಿ. ಕೊಳ್ಳುವಾಗ ಡಬ್ಬಿಯಲ್ಲಿ ಅಡಾಪ್ಟರ್ ಇದೆಯಾ ಕೇಳಿ, ಬಹಳ ಸಲ ಇರೋದಿಲ್ಲ. 15 ವ್ಯಾಟ್ ಸ್ಟ್ಯಾಂಡಿಗೆ 20 ವ್ಯಾಟ್ ಪಿಡಿ (ಪವರ್ ಡೆಲಿವರಿ ಅನ್ನುವ ಫಾಸ್ಟ್ ಚಾರ್ಜಿಂಗ್ ಪದ್ಧತಿಯ) ಅಡಾಪ್ಟರ್ ಬೇಕು. ಮನೆಯಲ್ಲಿ ಬಿದ್ದಿರುವ ಹಳೇ 5 ವ್ಯಾಟ್ ಚಾರ್ಜರ್ ಸಿಕ್ಕಿಸಿದರೆ ಬೆಳಿಗ್ಗೆ ಇಟ್ಟದ್ದು ಸಂಜೆಗೂ ತುಂಬೋದಿಲ್ಲ.