ರಿಪೇರಿ ಆಯ್ತು, ಸ್ಟೇಟಸ್ ಓಕೆ ಅಂದರೆ ನಂಬಬೇಡಿ! ಉದ್ರಿ ಲೆಕ್ಕವೇ ಹೋಯಿತು

ಇನ್ನೂ ಕೈ ನಡುಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನಮ್ಮ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ಓಡುವುದು ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ, ಟೇಬಲ್‌ಗಳೆಲ್ಲ ಮೈಐಸ್ಯಾಮ್ ಅನ್ನುವ ಹಳೇ ಬಗೆಯವು. ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಆಮೇಲೆ ಉದ್ರಿ ಟೇಬಲ್ ತೆರೆಯಲೇ ಇಲ್ಲ. ಎರರ್ 145, ಟೇಬಲ್ ಕ್ರ್ಯಾಶ್.

ಡೇಟಾ ರಿಕವರಿಯವನೊಬ್ಬ ರಿಮೋಟ್‌ನಲ್ಲಿ ಬಂದ. ಮುಟ್ಟುವ ಮುಂಚೆ ಕಾಪಿ ತೆಗೆದಿಡಿ ಅಂತ ಬಾಯಿಬಿಟ್ಟು ಹೇಳಿದ್ದೆ. "ಅದೆಲ್ಲ ಮಾಡ್ತೀವಿ ಸಾರ್" ಅಂದ. ಸ್ವಲ್ಪ ಹೊತ್ತಿಗೆ ರಿಪೇರಿ ಕಮಾಂಡ್ ಓಡಿಸಿದ ಸ್ಕ್ರೀನ್‌ಶಾಟ್ ಬಂತು: ಸ್ಟೇಟಸ್ ಓಕೆ. ದುಡ್ಡು ಹಾಕಿದೆ.

ಸಂಜೆ ಗಿರಾಕಿಯೊಬ್ಬರು ಬಾಕಿ ಕಟ್ಟಲು ಬಂದರು. ಅವರ ಹೆಸರಲ್ಲಿ ಬಾಕಿಯೇ ಇಲ್ಲ! ಪುಣ್ಯಾತ್ಮರು ತಾವೇ ಬಿಲ್ ತೆಗೆದು ತೋರಿಸಿದರು. ಅವರ ಮುಂದೆ ಮುಖ ಎತ್ತಲು ಆಗಲಿಲ್ಲ. ಹುಡುಕಿದರೆ ಇನ್ನೂ ಎಷ್ಟೋ ಜನರದ್ದು ಮಾಯ. ಅವನು ತೆರೆದಿದ್ದ ಕಪ್ಪು ವಿಂಡೋ ಹಾಗೇ ಇತ್ತು. ಮೇಲಕ್ಕೆ ಸ್ಕ್ರೋಲ್ ಮಾಡಿದೆ. ಓಕೆ ಅನ್ನುವ ಸಾಲಿನ ಮೇಲೇ ವಾರ್ನಿಂಗ್: ಸಾಲುಗಳ ಸಂಖ್ಯೆ 48210 ಇದ್ದದ್ದು 31077 ಆಗಿದೆ. ಅದನ್ನು ಕತ್ತರಿಸಿ ಕೆಳಗಿನ ಸಾಲು ಮಾತ್ರ ಕಳಿಸಿದ್ದ. ಕತ್ತರಿಸಿ!

ಫೋನ್ ಮಾಡಿದರೆ, "ಟೇಬಲ್ ಓಪನ್ ಆಗ್ತಿದೆ ಅಲ್ವಾ ಸಾರ್?" ಆಮೇಲೆ, "ಡೇಟಾ ಮೊದಲೇ ಹೋಗಿತ್ತು." ಸರಿ, ಹಳೇ ಫೈಲ್ ಕೊಡಿ, ಬೇರೆಯವರಿಗೆ ತೋರಿಸ್ತೀನಿ ಅಂದೆ. "ಒರಿಜಿನಲ್ ಮೇಲೇ ರನ್ ಮಾಡಿದ್ವಿ ಸಾರ್." ಅಲ್ಲಿಗೆ ಮುಗಿಯಿತು. ಈಗ ಫೋನ್ ಎತ್ತುತ್ತಿಲ್ಲ.

ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇರುವ ಪಟ್ಟಿ) ಮಾತ್ರ ಕೆಟ್ಟಿದ್ದರೆ ರಿಪೇರಿ ಅದನ್ನು ಡೇಟಾ ಫೈಲ್‌ನಿಂದ ಮತ್ತೆ ಕಟ್ಟುತ್ತದೆ, ಏನೂ ಹೋಗುವುದಿಲ್ಲ. ಡೇಟಾ ಫೈಲೇ ಕೆಟ್ಟಿದ್ದರೆ ಓದಲಾಗದ ಸಾಲುಗಳನ್ನು ಕೈಬಿಡುತ್ತದೆ, ಕೊನೆಗೆ ಆಗಲೂ ಓಕೆ ಅನ್ನುತ್ತದೆ. ಅವನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕತ್ತರಿಸಿದ್ದು.

ಸರ್ವರ್ ನಿಲ್ಲಿಸಿ, ಎಂವೈಡಿ (ಡೇಟಾ), ಎಂವೈಐ (ಇಂಡೆಕ್ಸ್), ಎಫ್‌ಆರ್‌ಎಂ (ಟೇಬಲ್ ರಚನೆ, ಹಳೇ ಆವೃತ್ತಿಗಳಲ್ಲಿ) ಮೂರೂ ಫೈಲ್ ನೀವೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅವನ ಮಾತಿಗೆ ಬಿಡಬೇಡಿ. ಪೂರ್ತಿ ಔಟ್‌ಪುಟ್ ನೋಡದೆ ಒಂದು ರೂಪಾಯಿ ಹಾಕಬೇಡಿ. ನಿಮ್ಮ ಟೇಬಲ್‌ಗಳು ಇನ್ನೋಡಿಬಿ ಅನ್ನುವ ಇನ್ನೊಂದು ಬಗೆಯವಾಗಿದ್ದರೆ ರಿಪೇರಿ ಟೇಬಲ್ ಅನ್ನುವ ಕಮಾಂಡೇ ನಡೆಯುವುದಿಲ್ಲ. ಅಲ್ಲಿ ಫೋರ್ಸ್ ರಿಕವರಿ (ಕೆಟ್ಟ ಡೇಟಾಬೇಸನ್ನು ಬಲವಂತವಾಗಿ ತೆರೆಯುವ ಸೆಟ್ಟಿಂಗ್, 1ರಿಂದ 6ರವರೆಗೆ) 1ರಿಂದ ಶುರುವಾಗಬೇಕು. 4 ಮತ್ತು ಅದಕ್ಕಿಂತ ಮೇಲಿನದು ಡೇಟಾವನ್ನು ಶಾಶ್ವತವಾಗಿ ಕೆಡಿಸಬಹುದು ಅಂತ ಮ್ಯಾನುಯಲ್‌ನಲ್ಲೇ ಇದೆ. ನೇರ 6 ಹಾಕ್ತೀನಿ ಅನ್ನುವವನ ರಿಮೋಟ್ ಕನೆಕ್ಷನ್ ಆಗಲೇ ಕಟ್ ಮಾಡಿ.