ಎಪಿಕ್, ಐಕಾನ್, ಲವ್‌ಲ್ಯಾಂಡ್: ಮೂರು ಚಳಿಗಾಲ, ಮೂರು ಪಾಸ್

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ ಸ್ಕೀ ಮಾಡುವವರ ಮನೆಗಳಲ್ಲಿ ಒಂದೇ ಚರ್ಚೆ: ಈ ಸಲ ಯಾವ ಪಾಸ್? ಪಾಸ್ ಎಂದರೆ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳನ್ನು ಚಳಿಗಾಲವಿಡೀ ಹತ್ತಲು ಮೊದಲೇ ಕೊಳ್ಳುವ ಟಿಕೆಟ್. ಆಸ್ಪೆನ್ ಮರಗಳ ಎಲೆ ಆಗಷ್ಟೇ ಹಳದಿಗೆ ತಿರುಗುತ್ತಿರುತ್ತದೆ. ಬೆಟ್ಟದ ನೆತ್ತಿಯಲ್ಲಿ ಹಿಮದ ಸುಳಿವಿರುವುದಿಲ್ಲ. ಆದರೂ ಏಳೆಂಟು ನೂರು ಡಾಲರ್ ಈಗಲೇ ಎಣಿಸಬೇಕು. ಹಿಮ ಬೀಳುವವರೆಗೆ ಕಾದರೆ ಬೆಲೆ ಏರಿರುತ್ತದೆ, ಡಿಸೆಂಬರ್ ಕಳೆದರೆ ಮಾರಾಟವೇ ನಿಂತಿರುತ್ತದೆ.

ನಾವು ಮನೆಯಲ್ಲಿ ಮೂವರು. ನಾನು ಸ್ಕೀ ಮಾಡುತ್ತೇನೆ, ಹೆಂಡತಿಯದು ಸ್ನೋಬೋರ್ಡ್, ಮಗಳು ಈಗ ನಾಲ್ಕನೇ ತರಗತಿ. ಹಿಂದಿನ ಮೂರು ಚಳಿಗಾಲಗಳಲ್ಲಿ ಮೂರು ಬೇರೆ ಬೇರೆ ಪಾಸ್ ಕೊಂಡು ನೋಡಿದ್ದೇವೆ. 2022–23ರಲ್ಲಿ ಎಪಿಕ್ ಲೋಕಲ್, ಮರುವರ್ಷ ಐಕಾನ್ ಬೇಸ್, 2024–25ರಲ್ಲಿ ಲವ್‌ಲ್ಯಾಂಡ್ ಎಂಬ ಒಂದೇ ಬೆಟ್ಟದ ಪಾಸ್. ಎಪಿಕ್, ಐಕಾನ್ ಎರಡೂ ಹಲವು ಬೆಟ್ಟಗಳಲ್ಲಿ ಸಲ್ಲುವ ಪಾಸ್‌ಗಳು; ಲೋಕಲ್, ಬೇಸ್ ಎಂದರೆ ಅವುಗಳ ಅಗ್ಗದ, ಕೆಲವು ಮಿತಿಗಳಿರುವ ರೂಪ. ಮನೆ ಬಿಟ್ಟ ಹೊತ್ತು, ಮೊದಲ ಲಿಫ್ಟ್ ಹತ್ತಿದ ಹೊತ್ತು, ಎಷ್ಟು ಸಲ ಇಳಿದೆವು, ಮನೆ ಸೇರಿದ್ದು ಯಾವಾಗ ಎಂಬುದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ಬಂದೆ. ಈ ಹೋಲಿಕೆಗೆ ಆಧಾರ ಆ ನೋಟ್‌ಬುಕ್.

ಮೊದಲು ಬೆಲೆ. 2025–26ರ ಪಾಸ್‌ಗಳು ವಸಂತದಲ್ಲಿ ಮಾರಾಟಕ್ಕೆ ಬಂದಾಗ ವಯಸ್ಕರಿಗೆ ಪೂರ್ಣ ಎಪಿಕ್ 1,051 ಡಾಲರ್, ಎಪಿಕ್ ಲೋಕಲ್ 783, ಪೂರ್ಣ ಐಕಾನ್ 1,329, ಐಕಾನ್ ಬೇಸ್ 909 ಇತ್ತು. ಅಲ್ಲಿಂದ ಮುಂದೆ ಹಂತಹಂತವಾಗಿ ಏರುತ್ತಾ ಹೋಯಿತು. ವೇಲ್ ರೆಸಾರ್ಟ್ಸ್ ಕಂಪನಿ 2008ರಲ್ಲಿ ಎಪಿಕ್ ಪಾಸ್ ತಂದಾಗ ಅದರ ಬೆಲೆ 579 ಡಾಲರ್. ಹತ್ತು ವರ್ಷಗಳ ನಂತರ, 2018ರಲ್ಲಿ, ಆಲ್ಟೆರಾ ಕಂಪನಿ ಐಕಾನ್ ಮೂಲಕ ಸ್ಪರ್ಧೆಗೆ ಇಳಿಯಿತು. ಇಬ್ಬರ ಉದ್ದೇಶವೂ ಒಂದೇ: ಹಿಮ ಬರಲಿ ಬಿಡಲಿ, ಚಳಿಗಾಲಕ್ಕೆ ಮುಂಚೆಯೇ ಹಣ ಕೈಸೇರಬೇಕು. ಆಗ ಹಿಮ ಕೈಕೊಟ್ಟರೆ ಅದರ ನಷ್ಟದಲ್ಲಿ ದೊಡ್ಡ ಪಾಲು ಪಾಸ್ ಕೊಂಡವರದು. ಹೀಗೆ ಹೊಣೆ ಹೊತ್ತುಕೊಳ್ಳುವುದಕ್ಕೆ ಪ್ರತಿಯಾಗಿ ನಮಗೆ ಸಿಗುವುದು ರಿಯಾಯಿತಿ.

ಈ ರಿಯಾಯಿತಿಯನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕು ಎಂಬುದರಲ್ಲೇ ಬಹಳ ಮಂದಿ ಎಡವುತ್ತಾರೆ. ಜನಜಂಗುಳಿಯ ದಿನ ವೇಲ್ ಬೆಟ್ಟದ ಕೌಂಟರ್‌ನಲ್ಲಿ ಒಂದು ದಿನದ ಟಿಕೆಟ್ 300 ಡಾಲರ್ ದಾಟುತ್ತದೆ. ‘ಮೂರು ದಿನ ಹೋದರೆ ಪಾಸ್‌ನ ದುಡ್ಡು ಬಂದುಬಿಟ್ಟಿತು’ ಎಂದು ಗೆಳೆಯರು ಹೇಳುವುದನ್ನು ಪ್ರತಿ ವರ್ಷ ಕೇಳುತ್ತೇನೆ. ಈ ಲೆಕ್ಕ ತಪ್ಪು. ಮೂರೇ ದಿನ ಹೋಗುವವರು ಕೌಂಟರ್‌ನಲ್ಲಿ ಟಿಕೆಟ್ ಕೊಳ್ಳಬೇಕಾಗಿಯೇ ಇಲ್ಲ. ಎಪಿಕ್‌ನಲ್ಲಿ ಒಂದರಿಂದ ಏಳು ದಿನಗಳವರೆಗಿನ ಡೇ ಪಾಸ್ ಇದೆ, ಐಕಾನ್‌ನಲ್ಲಿ ಅದೇ ರೀತಿ ಕೆಲವೇ ದಿನಗಳ ಸೆಷನ್ ಪಾಸ್ ಇದೆ. ಮುಂಚಿತವಾಗಿ ಕೊಂಡರೆ ದಿನವೊಂದಕ್ಕೆ ಆ ಕೌಂಟರ್ ಬೆಲೆಯ ಅರ್ಧವೂ ಆಗುವುದಿಲ್ಲ. ಸೀಸನ್ ಪಾಸ್ ಅನ್ನು ಹೋಲಿಸಬೇಕಾದದ್ದು ಇವುಗಳ ಜೊತೆ. ಹಾಗೆ ಹೋಲಿಸಿದಾಗ ಎಪಿಕ್ ಲೋಕಲ್ ಲಾಭಕ್ಕೆ ತಿರುಗುವುದು, ನನ್ನ ಲೆಕ್ಕದಲ್ಲಿ, ಸುಮಾರು ಎಂಟನೇ ದಿನದ ನಂತರ. ಐಕಾನ್ ಬೇಸ್‌ಗೆ ಇನ್ನೂ ಒಂದೆರಡು ದಿನ ಹೆಚ್ಚು ಬೇಕು.

ಎಪಿಕ್ ಲೋಕಲ್ ಇದ್ದ ಚಳಿಗಾಲದಲ್ಲಿ ಹದಿನಾಲ್ಕು ದಿನ ಹೋದೆವು. ಕೀಸ್ಟೋನ್, ಬ್ರೆಕನ್‌ರಿಜ್ ಬೆಟ್ಟಗಳೆರಡಕ್ಕೂ ದಿನಗಳ ಮಿತಿ ಇಲ್ಲ. ವೇಲ್ ಮತ್ತು ಬೀವರ್ ಕ್ರೀಕ್‌ಗೆ ಒಟ್ಟು ಹತ್ತು ದಿನ, ಅದೂ ರಜೆಯ ದಿನಗಳನ್ನು ಬಿಟ್ಟು. ಬ್ರೆಕನ್‌ರಿಜ್‌ನ ಇಂಪೀರಿಯಲ್ ಎಕ್ಸ್‌ಪ್ರೆಸ್ 12,840 ಅಡಿಗೆ ಏರುತ್ತದೆ. ಉತ್ತರ ಅಮೆರಿಕದಲ್ಲಿ ಅದಕ್ಕಿಂತ ಎತ್ತರಕ್ಕೆ ಹೋಗುವ ಚೇರ್‌ಲಿಫ್ಟ್ ಇಲ್ಲ. ಜನವರಿಯ ಒಂದು ಮಂಗಳವಾರ ಅಲ್ಲಿ ಇಳಿದು ನಿಂತಾಗ ಗಾಳಿಯೇ ಇರಲಿಲ್ಲ. ಕೆಳಗೆ ಯಾರೂ ತುಳಿಯದ ಹಿಮ ಹಾಸಿಕೊಂಡಿತ್ತು. ಇಳಿಯಲು ಮನಸ್ಸಾಗದೆ ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ. ವೇಲ್‌ನ ಬ್ಯಾಕ್ ಬೌಲ್‌ಗಳ, ಅಂದರೆ ಬೆಟ್ಟದ ಹಿಂಬದಿಯ ಬಟ್ಟಲಿನಂಥ ಇಳಿಜಾರುಗಳ, ವಿಸ್ತಾರವನ್ನೂ ಒಮ್ಮೆ ಕಂಡವರು ಮರೆಯಲಾರರು. ಬೆಟ್ಟಗಳ ಗಾತ್ರ ಮತ್ತು ವೈವಿಧ್ಯವನ್ನಷ್ಟೇ ನೋಡುವುದಾದರೆ, ಈ ಬೆಲೆಗೆ ಎಪಿಕ್ ಲೋಕಲ್‌ಗೆ ಸಾಟಿ ಇಲ್ಲ. ಹದಿನಾಲ್ಕು ದಿನಕ್ಕೆ, ಮೇಲೆ ಹೇಳಿದ 2025–26ರ ವಸಂತದ ಬೆಲೆಯಲ್ಲಿ, ದಿನಕ್ಕೆ 56 ಡಾಲರ್ ಬೀಳುತ್ತದೆ.

ಆದರೆ ನೋಟ್‌ಬುಕ್‌ನ ಇನ್ನೊಂದು ಸಾಲನ್ನೂ ಓದಬೇಕು. ಆ ಬೆಟ್ಟಗಳಿಗೆಲ್ಲ ನಮ್ಮ ದಾರಿ ಐ-70 ಹೆದ್ದಾರಿ, ಅದರಲ್ಲೂ 11,000 ಅಡಿ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗ. ಶನಿವಾರ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಬ್ರೆಕನ್‌ರಿಜ್ ತಲುಪಲು ಎರಡೂಕಾಲು ಗಂಟೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ವಾಪಸ್ ಹೊರಟ ಒಂದು ದಿನ ಮನೆ ಸೇರಿದ್ದು ಆರೂವರೆಗೆ. ಮಗಳು ಹಿಂದಿನ ಸೀಟಿನಲ್ಲಿ ಬೂಟು ಕಳಚಿ ಎರಡು ನಿದ್ದೆ ಮುಗಿಸಿದ್ದಳು. ಆ ಚಳಿಗಾಲದಲ್ಲಿ ಬೆಟ್ಟದ ಮೇಲೆ ಕಳೆದ ಪ್ರತಿ ಗಂಟೆಗೆ ಸುಮಾರು ಒಂದು ಗಂಟೆ ಕಾರಿನಲ್ಲಿ ಕಳೆದಿದ್ದೇವೆ. ಟೈರ್‌ನ ಖರ್ಚು ಬೇರೆ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಮಾರಿಸನ್‌ನಿಂದ ಡಾಟ್ಸೆರೊವರೆಗಿನ ಐ-70ರಲ್ಲಿ ಕೊಲರಾಡೊದ ಟೈರ್ ಕಾನೂನು ಜಾರಿಯಲ್ಲಿರುತ್ತದೆ. ನಾಲ್ಕು ಚಕ್ರಗಳ ಚಾಲನೆ, ಚಳಿಗಾಲದ ಟೈರ್ ಅಥವಾ ಸರಪಳಿ, ಇವುಗಳಲ್ಲಿ ಒಂದಾದರೂ ಇರಬೇಕು, ಟೈರ್‌ನ ಗೀರು ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗದಷ್ಟಾದರೂ ಆಳವಿರಬೇಕು. ಟೈರ್, ಪೆಟ್ರೋಲ್, ಪಾರ್ಕಿಂಗ್, ಊಟ ಎಲ್ಲ ಸೇರಿಸಿ ನೋಡಿದರೆ ಮೂಗಿಗಿಂತ ಮೂಗುತಿಯೇ ಭಾರ.

ಮರುವರ್ಷ ಐಕಾನ್ ಬೇಸ್ ಕೊಳ್ಳಲು ಮುಖ್ಯ ಕಾರಣ ಹೆಂಡತಿಯ ಆಸೆ. ಅವಳಿಗೆ ಕಾಪರ್ ಮೌಂಟನ್ ಇಷ್ಟ. ಅಲ್ಲಿ ಹೊಸಬರ ಇಳಿಜಾರು ಒಂದು ಬದಿಗೆ, ಕಡಿದಾದವು ಇನ್ನೊಂದು ಬದಿಗೆ ತಾವಾಗಿಯೇ ಬೇರ್ಪಟ್ಟಿವೆ. ಮಗಳನ್ನು ಒಬ್ಬರು ನೋಡಿಕೊಂಡರೆ ಇನ್ನೊಬ್ಬರು ನಿಶ್ಚಿಂತೆಯಿಂದ ತಮ್ಮ ಪಾಡಿಗೆ ಹೋಗಬಹುದು. ಬೇಸ್ ಪಾಸ್‌ನಲ್ಲಿ ಕಾಪರ್, ವಿಂಟರ್ ಪಾರ್ಕ್, ಎಲ್ಡೋರಾ ಮೂರಕ್ಕೂ ದಿನಗಳ ಮಿತಿ ಇಲ್ಲ. ಅರಾಪಹೋ ಬೇಸಿನ್‌ಗೆ ಆ ವರ್ಷ ಐದು ದಿನ ಇತ್ತು. ಈ ಬೆಟ್ಟದ ಕಥೆ ಕುತೂಹಲದ್ದು. 2019ರಲ್ಲಿ ಅದು ಎಪಿಕ್ ಕೂಟ ಬಿಟ್ಟು ಐಕಾನ್ ಸೇರಿತು, 2024ರಲ್ಲಿ ಆಲ್ಟೆರಾ ಅದನ್ನು ಕೊಂಡೇಬಿಟ್ಟಿತು. ಉಳಿದ ಬೆಟ್ಟಗಳ ಲಿಫ್ಟ್‌ಗಳು ನಿಂತ ಮೇಲೂ ಅದು ತೆರೆದಿರುತ್ತದೆ, ಹಿಮ ಚೆನ್ನಾಗಿದ್ದ ವರ್ಷ ಜೂನ್‌ವರೆಗೆ. ಮೇ ತಿಂಗಳ ಎರಡು ಭಾನುವಾರ ನಾವು ಅಲ್ಲಿದ್ದೆವು. ಬೆಳಿಗ್ಗೆ ಗಾಜಿನಂತೆ ಗಟ್ಟಿಯಾಗಿದ್ದ ಹಿಮ ಹತ್ತೂವರೆಯ ಬಿಸಿಲಿಗೆ ಕಲ್ಲುಸಕ್ಕರೆ ಪುಡಿಯಂತೆ ಸಡಿಲವಾಯಿತು. ಆ ಎರಡು ಗಂಟೆಗಳ ಇಳಿತ ಇಡೀ ವರ್ಷದಲ್ಲೇ ಮೇಲು.

ಐಕಾನ್‌ನಿಂದ ನಮಗೆ ದಕ್ಕಿದ ಇನ್ನೊಂದು ಲಾಭ ರೈಲು. ಡೆನ್ವರ್‌ನ ಯೂನಿಯನ್ ಸ್ಟೇಷನ್‌ನಿಂದ ರೈಲು ಸಂಸ್ಥೆ ಆಮ್‌ಟ್ರಾಕ್‌ನ ವಿಂಟರ್ ಪಾರ್ಕ್ ಎಕ್ಸ್‌ಪ್ರೆಸ್ ಹೊರಡುತ್ತದೆ. 1928ರಲ್ಲಿ ತೆರೆದ ಮೊಫಾಟ್ ಸುರಂಗವನ್ನು ದಾಟಿ ಹೊರಬರುತ್ತಿದ್ದಂತೆ ಇಳಿಜಾರಿನ ಪಕ್ಕದಲ್ಲೇ ಇಳಿಸುತ್ತದೆ. ಐ-70ರ ಗೋಜಿಲ್ಲ, 11,307 ಅಡಿ ಎತ್ತರದ ಬರ್ತೌಡ್ ಘಾಟಿಯಲ್ಲಿ ಹಿಮದ ನಡುವೆ ಸ್ಟೀರಿಂಗ್ ಹಿಡಿಯುವ ಆತಂಕವೂ ಇಲ್ಲ. ಮಗಳಿಗಂತೂ ರೈಲೇ ಹಬ್ಬ. ಪಾಸ್ ಆರಿಸುವಾಗ ‘ಅಲ್ಲಿಗೆ ಹೋಗುವುದು ಹೇಗೆ’ ಎಂಬ ಪ್ರಶ್ನೆಯನ್ನು ‘ಅಲ್ಲಿ ಏನಿದೆ’ ಎಂಬುದಕ್ಕಿಂತ ಮೊದಲು ಕೇಳಬೇಕೆಂದು ನನಗೆ ಮನವರಿಕೆಯಾದದ್ದು ಆ ರೈಲಿನಲ್ಲಿ ಕುಳಿತಾಗ.

ಬೇಸ್ ಪಾಸ್‌ನ ತೊಡಕು ಬ್ಲ್ಯಾಕ್‌ಔಟ್ ದಿನಗಳು, ಅಂದರೆ ಪಾಸ್ ನಡೆಯದ ದಿನಗಳು. ಕ್ರಿಸ್‌ಮಸ್ ನಂತರದ ವಾರ, ಜನವರಿಯ ಮಾರ್ಟಿನ್ ಲೂಥರ್ ಕಿಂಗ್ ವಾರಾಂತ್ಯ, ಫೆಬ್ರುವರಿಯ ಅಧ್ಯಕ್ಷರ ದಿನದ ವಾರಾಂತ್ಯ. ಮಕ್ಕಳಿಲ್ಲದವರಿಗೆ ಇದರಿಂದ ನಷ್ಟವಿಲ್ಲ, ಆ ದಿನಗಳ ನೂಕುನುಗ್ಗಲಿನಿಂದ ದೂರವಿರುವುದೇ ಸುಖ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಮಾತ್ರ ಇರುವ ರಜೆಗಳೇ ಅವು. ನಿರ್ಬಂಧ ಇಲ್ಲದ ಬೆಟ್ಟಗಳೂ ಇದ್ದುದರಿಂದ ನಾವು ಹೇಗೋ ಪಾರಾದೆವು. ಒಟ್ಟು ಹನ್ನೊಂದು ದಿನ ಆಯಿತು. ಅದೇ ವಸಂತದ ಬೆಲೆಯಲ್ಲಿ ದಿನಕ್ಕೆ 83 ಡಾಲರ್.

ಪೂರ್ಣ ಐಕಾನ್‌ನಲ್ಲಿ ಬ್ಲ್ಯಾಕ್‌ಔಟ್ ಇಲ್ಲ. ಬೇಸ್‌ನಲ್ಲಿ ಸಿಗದ ಆಸ್ಪೆನ್, ಜಾಕ್ಸನ್ ಹೋಲ್, ಡೀರ್ ವ್ಯಾಲಿ, ಆಲ್ಟಾಗಳೂ ಅದರಲ್ಲಿವೆ. ಆದರೆ ಆಲ್ಟಾ ಮತ್ತು ಡೀರ್ ವ್ಯಾಲಿಯಲ್ಲಿ ಸ್ನೋಬೋರ್ಡ್‌ಗೆ ಪ್ರವೇಶವಿಲ್ಲ. ನನ್ನ ಹೆಂಡತಿ ಕಾಲಿಡಲಾಗದ ಬೆಟ್ಟಗಳಿಗೆ ನಾಲ್ಕು ನೂರು ಡಾಲರ್ ಹೆಚ್ಚು ಕೊಡುವ ಮಾತೇ ಇರಲಿಲ್ಲ. ಪಾಸ್‌ನ ನಕಾಶೆಯಲ್ಲಿ ಎಷ್ಟು ಹೆಸರುಗಳಿವೆ ಎಂದು ಎಣಿಸುವವರು, ಆ ಪಟ್ಟಿ ಹಿಡಿದು ಮನೆಯವರೆಲ್ಲರ ಜೊತೆ ಒಮ್ಮೆ ಕುಳಿತು, ನಿಜವಾಗಿ ಹೋಗುವವು ಎಷ್ಟು ಎಂದು ಗೆರೆ ಎಳೆದು ನೋಡಲಿ. ನಮ್ಮಲ್ಲಿ ಉಳಿದದ್ದು ನಾಲ್ಕು.

ಹೀಗೆ ಗೆರೆ ಎಳೆಯುತ್ತಾ ಹೋಗಿ ಲವ್‌ಲ್ಯಾಂಡ್‌ಗೆ ಬಂದು ನಿಂತೆವು. ಎಪಿಕ್ ಕೂಟಕ್ಕೂ ಐಕಾನ್ ಕೂಟಕ್ಕೂ ಸೇರದ ಬೆಟ್ಟ ಅದು. ಐಸೆನ್‌ಹೋವರ್ ಸುರಂಗದ ಬಾಯಿಯ ಪಕ್ಕದಲ್ಲೇ, ಡೆನ್ವರ್ ಕಡೆಗಿದೆ. ಸುರಂಗ ದಾಟಬೇಕಾಗಿಲ್ಲ ಎಂಬ ಈ ಒಂದೇ ಕಾರಣಕ್ಕೆ ಶನಿವಾರದ ಪ್ರಯಾಣ ಒಂದೂಕಾಲು ಗಂಟೆಗೆ ಇಳಿಯಿತು. ಪಾರ್ಕಿಂಗ್‌ಗೆ ದುಡ್ಡಿಲ್ಲ, ಕಾರಿನಿಂದ ಲಿಫ್ಟ್‌ಗೆ ನಡೆದೇ ಹೋಗಬಹುದು. ಊಟದ ಡಬ್ಬಿ ಕಾರಿನಲ್ಲೇ ಇಟ್ಟು ಮಧ್ಯಾಹ್ನ ಬಂದು ತಿಂದೆವು. ಕಲಿಯುವವರಿಗೆ ಲವ್‌ಲ್ಯಾಂಡ್ ವ್ಯಾಲಿ ಎಂಬ ಪ್ರತ್ಯೇಕ ಜಾಗವಿದೆ. ವೇಗವಾಗಿ ಇಳಿಯುವವರು ಅಲ್ಲಿ ನುಗ್ಗಿ ಮಕ್ಕಳನ್ನು ಹೆದರಿಸುವುದಿಲ್ಲ. ಮಗಳು ತಾನಾಗಿಯೇ ತಿರುವು ಹಾಕಲು ಕಲಿತದ್ದು ಅಲ್ಲೇ.

ಕೊರತೆಗಳನ್ನೂ ಹೇಳುತ್ತೇನೆ. ಬೆಟ್ಟ ಚಿಕ್ಕದು. ತಪ್ಪಲಲ್ಲಿ ತಂಗಲು ಹೋಟೆಲ್ ಇಲ್ಲ, ಸಂಜೆ ಸುತ್ತಾಡಲು ಊರಿಲ್ಲ. ತುದಿ 13,010 ಅಡಿ ಎತ್ತರದಲ್ಲಿದೆ, ಬಹುಪಾಲು ಮರಗಳಿಲ್ಲದ ಬಯಲು. ಗಾಳಿ ಎದ್ದರೆ ಮುಖ ಸುಡುವಂತೆ ಕೊರೆಯುತ್ತದೆ, ಬೆಳಕು ಮಂಕಾದಾಗ ನೆಲ ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ಅಂಥ ದಿನಗಳಲ್ಲಿ ವಿಂಟರ್ ಪಾರ್ಕ್‌ನ ಮರಗಳ ಸಾಲು ಬಹಳ ನೆನಪಾಗುತ್ತಿತ್ತು.

ಇಷ್ಟಾದರೂ ಆ ಚಳಿಗಾಲದಲ್ಲಿ ಹೋದದ್ದು ಹದಿನೇಳು ದಿನ, ಮೂರು ವರ್ಷಗಳಲ್ಲೇ ಹೆಚ್ಚು. ಅದರಲ್ಲಿ ಒಂಬತ್ತು ಅರ್ಧ ದಿನಗಳು. ಏಳಕ್ಕೆ ಹೊರಟು, ಮೂರು ಗಂಟೆ ಇಳಿದು, ಊಟದ ಹೊತ್ತಿಗೆ ಮನೆ. ಎರಡೂಕಾಲು ಗಂಟೆ ಕಾರು ಓಡಿಸಿ ಬ್ರೆಕನ್‌ರಿಜ್‌ಗೆ ಹೋದವರು ಅರ್ಧ ದಿನಕ್ಕೆ ತಿರುಗಿ ಬರುವುದಿಲ್ಲ. ಮಗಳು ದಣಿದರೂ, ಬೆರಳು ಮರಗಟ್ಟಿದರೂ ‘ಇನ್ನೊಂದು ಸುತ್ತು’ ಎಂದು ಎಳೆಯುತ್ತಾರೆ. ನಾನೂ ಹಾಗೆ ಎಳೆದಿದ್ದೇನೆ, ಆ ದಿನಗಳ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಹತ್ತಿರದ ಬೆಟ್ಟದಲ್ಲಿ ಅವಳು ಸಾಕು ಎಂದ ಕೂಡಲೇ ಸಾಕು ಮಾಡಬಹುದಿತ್ತು. ಮುಂದಿನ ವಾರ ಅವಳೇ ಮೊದಲು ಎದ್ದು ತಯಾರಾಗುತ್ತಿದ್ದಳು. ಪಾಸ್‌ನ ಬೆಲೆ ಎಪಿಕ್ ಲೋಕಲ್‌ಗಿಂತ ಕಡಿಮೆ, ಬ್ಲ್ಯಾಕ್‌ಔಟ್‌ನ ಚಿಂತೆ ಇಲ್ಲ. ಹೆಚ್ಚು ದಿನ ಹೋಗದವರಿಗೆ ಋತುವಿಗೆ ಮುಂಚೆ ನಾಲ್ಕು ದಿನದ ಫೋರ್ ಪ್ಯಾಕ್ ಕೂಡ ಮಾರುತ್ತಾರೆ.

ಗಾಯ, ಕಾಯಿಲೆಗಳ ಮಾತು ಚುಟುಕಾಗಿ. ಎಪಿಕ್‌ನ ಬೆಲೆಯಲ್ಲೇ ಎಪಿಕ್ ಕವರೇಜ್ ಸೇರಿದೆ. ಗಾಯ, ಕೆಲಸ ಹೋಗುವುದು, ಕೆಲವು ಬಗೆಯ ಮುಚ್ಚುಗಡೆ, ಇಂಥವಕ್ಕೆ ಬಳಸಿದ ದಿನಗಳನ್ನು ಕಳೆದು ಹಣ ಮರಳಿಸುತ್ತಾರೆ. ಐಕಾನ್‌ನಲ್ಲಿ ಒಂದು ದಿನವೂ ಬಳಸದಿದ್ದರೆ ಡಿಸೆಂಬರ್‌ನ ಗೊತ್ತಾದ ದಿನದೊಳಗೆ ಅದರ ಮೌಲ್ಯವನ್ನು ಮುಂದಿನ ಋತುವಿಗೆ ಸಾಗಿಸಬಹುದು. ಮಂಡಿ ನೋವಿನ ಚರಿತ್ರೆ ಇರುವವರು ಎಪಿಕ್ ಕಡೆ ವಾಲುವುದು ಒಳ್ಳೆಯದು.

ಮಕ್ಕಳಿದ್ದರೆ ಇದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಕೊಲರಾಡೊದಲ್ಲಿ ಶಿಶುವಿಹಾರದಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ಎಪಿಕ್ ಸ್ಕೂಲ್‌ಕಿಡ್ಸ್ ಯೋಜನೆಯಲ್ಲಿ ವೇಲ್, ಬೀವರ್ ಕ್ರೀಕ್, ಬ್ರೆಕನ್‌ರಿಜ್, ಕೀಸ್ಟೋನ್, ಕ್ರೆಸ್ಟೆಡ್ ಬ್ಯೂಟ್ ಐದರಲ್ಲೂ ತಲಾ ನಾಲ್ಕು ದಿನ ಉಚಿತ. ನೋಂದಣಿ ಶರತ್ಕಾಲದಲ್ಲೇ ಮುಗಿಯುತ್ತದೆ, ಮರೆತರೆ ಆ ವರ್ಷಕ್ಕೆ ಹೋಯಿತು. ಕೊಲರಾಡೊ ಸ್ಕೀ ಕಂಟ್ರಿ ಸಂಸ್ಥೆಯ ಸ್ಕೀ ಪಾಸ್‌ಪೋರ್ಟ್ ಮೂರರಿಂದ ಆರನೇ ತರಗತಿಯವರಿಗೆ. ಸಣ್ಣ ಶುಲ್ಕ ಕಟ್ಟಿದರೆ ಲವ್‌ಲ್ಯಾಂಡ್, ಕಾಪರ್, ವಿಂಟರ್ ಪಾರ್ಕ್ ಸೇರಿ ಸದಸ್ಯ ಬೆಟ್ಟಗಳಲ್ಲಿ ತಲಾ ನಾಲ್ಕು ದಿನ. ದೊಡ್ಡವರ ಪಾಸ್ ಆರಿಸುವ ಮುಂಚೆ ಮಕ್ಕಳದನ್ನು ತೀರ್ಮಾನಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮದುವೆಯಾಗದೆ, ವಾರದ ನಡುವೆ ರಜೆ ಹಾಕಬಲ್ಲ ಇಪ್ಪತ್ತೈದರ ಹುಡುಗ ಕೇಳಿದರೆ ಎಪಿಕ್ ಲೋಕಲ್ ತೆಗೆದುಕೋ ಎನ್ನುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ವಸಂತದಲ್ಲೇ 49 ಡಾಲರ್ ಮುಂಗಡ ಕೊಟ್ಟರೆ ಕಡಿಮೆ ಬೆಲೆಯೂ ಅವನ ಕೈಯಲ್ಲಿರುತ್ತದೆ. ಊರೂರು ಸುತ್ತಿ ಯೂಟಾ, ಮೊಂಟಾನಾ, ವಯೋಮಿಂಗ್ ಬೆಟ್ಟಗಳನ್ನು ನೋಡಬೇಕೆಂಬ ಹಂಬಲವಿರುವವರಿಗೆ ಪೂರ್ಣ ಐಕಾನ್.

ನಾವು ಈ ವರ್ಷ ಮತ್ತೆ ಲವ್‌ಲ್ಯಾಂಡ್ ಪಾಸ್ ಕೊಂಡಿದ್ದೇವೆ. ರೈಲನ್ನು ಬಿಡಲಾಗದೆ ನಮ್ಮಿಬ್ಬರಿಗೂ ಎರಡು ದಿನದ ಐಕಾನ್ ಸೆಷನ್ ಪಾಸ್ ಸೇರಿಸಿಕೊಂಡೆವು. ಫೆಬ್ರುವರಿಯ ರಜೆಯ ವಾರಾಂತ್ಯ ಕಳೆದ ಮೇಲೆ ವಿಂಟರ್ ಪಾರ್ಕ್‌ಗೆ ಹೋಗುವ ಯೋಚನೆ. ಮಗಳಿಗೆ ಲವ್‌ಲ್ಯಾಂಡ್‌ನ ಮಕ್ಕಳ ಪಾಸ್, ಅದರ ಜೊತೆಗೆ ಸ್ಕೀ ಪಾಸ್‌ಪೋರ್ಟ್. ನಿನ್ನೆ ರಾತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲೆಯ ದಾಖಲೆ ಸೇರಿಸಿ ಅರ್ಜಿ ಕಳುಹಿಸಿದೆ. ಪಟ್ಟಿಯಲ್ಲಿದ್ದ ಎಲ್ಲ ಬೆಟ್ಟಗಳ ಹೆಸರನ್ನೂ ಅವಳು ಗಟ್ಟಿಯಾಗಿ ಓದಿದಳು. ಕೊನೆಗೆ ರೈಲು ಯಾವ ದಿನ ಎಂದು ಕೇಳಿದಳು.